ಗಂಗುಲಮ್ಮನ ಕೆನ್ನೆಯ ಬಣ್ಣ

ತೊಂಬತ್ತೆಂಟನೇ ಇಸವಿಯ ಬೇಸಿಗೆ ರಜಕ್ಕೆ ಅನಸೂಯ ಗೌರಿಬಿದನೂರಿಗೆ ಬಂದಾಗ ಅವಳಪ್ಪ ಕೋನಪ್ಪ ಅವಳಿಗಾಗಿ ಒಂದು ಕೆಲಸ ಹುಡುಕಿಟ್ಟಿದ್ದ. ಕಾಲೊನಿಯವರೆಲ್ಲ ಸೇರಿ ಕಟ್ಟಿಕೊಂಡಿದ್ದ ಪುಟ್ಟ ಬುದ್ಧವಿಹಾರದಲ್ಲಿ ಕ್ಯಾಲೆಂಡರಿನದೊಂದು ಚಿತ್ರಕ್ಕೆ ಕಟ್ಟು ಹಾಕಿಸಿ ನೇತುಹಾಕಿದ್ದರು. ಹಿಂದಿನ ಮಳೆಗಾಲದಲ್ಲಿ ಗೋಡೆ ಒಸರಿ, ಬುದ್ಧನ ಅರ್ಧ ಮುಖಕ್ಕೆ ಬೂಷ್ಟು ಹಿಡಿದಿತ್ತು.

"ಕಂಪ್ಯೂಟ್ರಲ್ಲಿ ಚಿತ್ರ ಮಾಡೋದು ಕಲೀತಿದ್ದೀಯಲ್ಲಮ್ಮ, ಬುದ್ಧ ಪೂರ್ಣಿಮೆ ಹೊತ್ಗೆ ಹೊಸದೊಂದು ಮಾಡ್ಕೊಡು" ಎಂದ ಕೋನಪ್ಪ. ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದ ಅವನಿಗೆ, ಮಗಳು ಬೆಂಗಳೂರಿನಲ್ಲಿ ಡಿಸೈನ್ ಎಂದು ಓದುತ್ತಿರುವುದು ಏನೆಂಬುದು ಎರಡು ವರ್ಷವಾದರೂ ಸರಿಯಾಗಿ ಅರ್ಥವಾಗಿರಲಿಲ್ಲ.

ಅನಸೂಯಳಿಗೂ ಪೂರ್ತಿ ಅರ್ಥವಾಗಿತ್ತೆಂದಲ್ಲ. ಕಾಲೇಜಿನಲ್ಲಿ ಮೂವತ್ತು ಜನಕ್ಕೆ ನಾಲ್ಕು ಕಂಪ್ಯೂಟರ್. ವಾರಕ್ಕೊಮ್ಮೆ ಅರ್ಧ ಗಂಟೆ ಸರದಿ ಬಂದರೆ ಬಂತು. ಕೈ ಕುದುರುವಷ್ಟರಲ್ಲಿ ಹಿಂದೆ ನಿಂತವರು ಗಡಿಯಾರ ನೋಡುತ್ತಿದ್ದರು. ಮೌಸ್ ಹಿಡಿದು ಮನಸ್ಸಿಗೆ ಬಂದಷ್ಟು ಹೊತ್ತು ಕೂರಬೇಕೆಂಬ ಆಸೆ ಅವಳಿಗೆ ಹಸಿವಿನ ಹಾಗೆ ಇತ್ತು.

ಬಸ್ ಸ್ಟ್ಯಾಂಡಿನ ಹತ್ತಿರ ವೆಂಕಟರವಣಪ್ಪನ ಡಿಟಿಪಿ ಸೆಂಟರ್ ಇತ್ತು. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು ಮಾಡುವ ಅಂಗಡಿ. ಬಣ್ಣದ ಪರದೆಯ ಕಂಪ್ಯೂಟರು, ಪಕ್ಕದಲ್ಲಿ ಟವೆಲ್ ಹೊದ್ದ ಸ್ಕ್ಯಾನರು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಗಿರಾಕಿಗಳಿರುತ್ತಿರಲಿಲ್ಲ. "ಕೂತ್ಕಳಮ್ಮ, ಆದ್ರೆ ನಂಗೂ ಬಾಳೆಕಂಬ, ಮಾವಿನ ತೋರಣ ಅಂತ ನಾಕು ಹೊಸ ಬಾರ್ಡರ್ ಬರ್ದುಕೊಡ್ಬೇಕು" ಎಂದ ಅವನು. ಅನಸೂಯ ಒಪ್ಪಿಕೊಂಡಳು.

ಮೊದಲು ಹಳೆಯ ಕ್ಯಾಲೆಂಡರಿನ ಚಿತ್ರವನ್ನು ಸ್ಕ್ಯಾನ್ ಮಾಡಿದಳು. ಅದರ ಮೇಲೆ ಗಾಜು ಹಾಸಿದಂತೆ ಖಾಲಿ ಪದರವೊಂದನ್ನು ತೆರೆದು, ಮುಖದ ಗೆರೆಗಳನ್ನು ತಾನೇ ಬರೆಯತೊಡಗಿದಳು. ಪೆನ್ಸಿಲಿನಲ್ಲಿ ಒಂದೇ ಉಸಿರಿಗೆ ಎಳೆಯುತ್ತಿದ್ದ ಹುಬ್ಬು ಮೌಸಿನಲ್ಲಿ ಕಂಬಳಿಹುಳದ ಹಾಗೆ ಬಂತು. ಅಳಿಸಿದಳು, ಎಳೆದಳು, ಮತ್ತೆ ಅಳಿಸಿದಳು. ನಡುವೆ ಕರೆಂಟು ಹೋಗಿ ಒಂದು ದಿನದ ಕೆಲಸ ಪೂರ್ತಿ ಮಾಯವಾಯಿತು. ಐದನೆಯ ದಿನಕ್ಕೆ ಮುಚ್ಚಿದ ರೆಪ್ಪೆ, ಉದ್ದನೆಯ ಕಿವಿ, ತುಟಿಯ ಅಂಚು ಎಲ್ಲವೂ ಅವಳಿಗೆ ಒಪ್ಪಿಗೆಯಾಗುವಂತೆ ಕೂತವು.

ತೊಡಕಾದದ್ದು ಮೈಬಣ್ಣದಲ್ಲಿ. ಕ್ಯಾಲೆಂಡರಿನ ಬುದ್ಧ ಹಾಲಿಗೆ ರೋಜಾ ಶರಬತ್ತು ಬೆರೆಸಿದ ಹಾಗಿದ್ದ. ಬಿಸಿಲಲ್ಲಿ ಊರೂರು ನಡೆದವನ ಬಣ್ಣ ಹೀಗಿರುತ್ತದೆಯೇ ಎಂದು ಅವಳಿಗೆ ಅನ್ನಿಸಿತು. ಬಣ್ಣ ಬದಲಿಸುವ ಗುಂಡಿಯನ್ನು ಅತ್ತ ಜರುಗಿಸಿದರೆ ಮುಖ ಹಸಿರಾಯಿತು, ಇತ್ತ ಜರುಗಿಸಿದರೆ ಬದನೆಕಾಯಿ. ಕಂದು ಹಚ್ಚಿದರೆ ಮಣ್ಣಿನ ಬೊಂಬೆ.

ಇದ್ದ ಬಣ್ಣವನ್ನು ಫೋಟೊದಿಂದಲೇ ಹೀರಿಕೊಳ್ಳುವ ಉಪಾಯವೊಂದು ಅವಳಿಗೆ ಗೊತ್ತಿತ್ತು. ಕಣ್ಣಿಗೆ ಮದ್ದು ಬಿಡುವ ಡ್ರಾಪರಿನಂಥ ಗುರುತೊಂದಿರುತ್ತದೆ. ಅದನ್ನು ಎಲ್ಲಿ ಇಟ್ಟು ಒತ್ತಿದರೆ ಅಲ್ಲಿನ ಬಣ್ಣ ಸಿಗುತ್ತದೆ. ಕಾಲೇಜಿನ ಕ್ಯಾಮರಾದಲ್ಲಿ ತೆಗೆದ ಅಜ್ಜಿಯ ಫೋಟೊ ಅವಳ ಚೀಲದಲ್ಲಿತ್ತು. ಅಜ್ಜಿ ಗಂಗುಲಮ್ಮ ಬೆಳಗಿನ ಬಿಸಿಲಲ್ಲಿ ಹೊಸಿಲ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಫೋಟೊ. ಅದನ್ನು ಸ್ಕ್ಯಾನರಿನಲ್ಲಿಟ್ಟಳು.

ಕೆನ್ನೆಯ ಮೇಲೆ ಒತ್ತಿದಾಗ ಸುಟ್ಟ ಇಟ್ಟಿಗೆಯಂಥ ಬಣ್ಣ ಬಂತು. ಕೂದಲೆಳೆಯಷ್ಟು ಪಕ್ಕಕ್ಕೆ ಒತ್ತಿದಳು, ಬೇರೆಯೇ ಬಣ್ಣ. ಕಣ್ಣಿನ ಕೆಳಗೆ ನೇರಳೆ, ಹಣೆಯಲ್ಲಿ ತಾಮ್ರ, ಗದ್ದದ ಮಗ್ಗುಲಲ್ಲಿ, ಅಜ್ಜಿಯ ಹಸಿರು ಸೀರೆಯ ನೆರಳು ತಾಗಿದ ಕಡೆ, ನಿಜವಾಗಿಯೂ ಹಸಿರು. ಅವಳು ಒಂದೊಂದು ಬಣ್ಣದ ಅಂಕೆಗಳನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳತೊಡಗಿದಳು. ನಾಲ್ಕು ಗಂಟೆ ಆಗಿದ್ದೇ ತಿಳಿಯಲಿಲ್ಲ. ವೆಂಕಟರವಣಪ್ಪ ಬಂದು ಕೆಮ್ಮಿದಾಗ ನಲವತ್ಮೂರು ಬಣ್ಣಗಳಾಗಿದ್ದವು. ಒಂದು ಮಾತ್ರ ಸಿಕ್ಕಿರಲಿಲ್ಲ.

ಸಂಜೆ ಅಜ್ಜಿಯ ಪಕ್ಕ ಕೂತು ಹೇಳಿದಳು. "ಅಜ್ಜಿ, ನಿನ್ನ ಮುಖ ಪೂರ್ತಿ ಹುಡುಕಿದೆ. ಕಪ್ಪು ಎಲ್ಲೂ ಇಲ್ಲ."

ಗಂಗುಲಮ್ಮ ನಕ್ಕಳು. "ಕಣ್ಣು ಗಿಣ್ಣು ಸರಿಯಾಗೈತೇನೇ ನಿಂಗೆ? ಊರೆಲ್ಲಾ ನನ್ನ ಕರಿಗಂಗಿ ಅಂತಿತ್ತು. ನಿಮ್ ತಾತನ ಅಕ್ಕ ನನ್ನ ನೋಡಕ್ಕೆ ಬಂದಾಗ, ದೀಪ ತನ್ನಿ, ಹೆಣ್ಣು ಎಲ್ಲವ್ಳೆ ಅಂದಿದ್ಳು."

"ನಾಳೆ ನೀನೇ ಬಂದು ನೋಡು."

ಮರುದಿನ ಗಂಗುಲಮ್ಮ ಒಗೆದ ಸೀರೆಯುಟ್ಟು ಮೊಮ್ಮಗಳ ಜೊತೆ ಹೊರಟಳು. ಪರದೆಯ ಮುಂದೆ ಸ್ಟೂಲಿನ ಮೇಲೆ ಕೂತು, ತನ್ನ ಮುಖ ದೊಡ್ಡದಾಗುತ್ತ ಆಗುತ್ತ ಚೌಕ ಚೌಕವಾಗಿ ಒಡೆಯುವುದನ್ನು ಕಂಡು ಮುಂದಕ್ಕೆ ಬಗ್ಗಿದಳು.

"ಚೂಡಮ್ಮಾ, ನೋಡೇ ಇಲ್ಲಿ! ಹಳೇ ಸೀರೆ ತುಂಡೆಲ್ಲ ಸೇರ್ಸಿ ಬೊಂತೆ ಹೊಲ್ದಂಗೈತೆ. ಇದು ನನ್ನ ಕೆನ್ನೇನಾ?"

"ಹೂಂ. ಪ್ರತಿ ಚೌಕಕ್ಕೂ ಮೂರು ಲೆಕ್ಕ ಇರುತ್ತಜ್ಜಿ. ಕೆಂಪೆಷ್ಟು, ಹಸಿರೆಷ್ಟು, ನೀಲಿ ಎಷ್ಟು ಅಂತ. ಮೂರೂ ಸೊನ್ನೆ ಆದ್ರೆ ಕಪ್ಪು. ಎಲ್ಲಿ ಬೇಕಾದ್ರೂ ತೋರ್ಸು, ನೋಡಣ."

ಗಂಗುಲಮ್ಮ ಕೂದಲು ತೋರಿಸಿದಳು. ಸೊನ್ನೆ ಬರಲಿಲ್ಲ. ಹುಬ್ಬು, ಇಲ್ಲ. ಮೂಗಿನ ಹೊಳ್ಳೆ ತೋರಿಸಿ, "ಇಲ್ಲಿ ಸಿಕ್ತದೆ ಬಿಡು" ಎಂದಳು. ಹದಿನಾಲ್ಕು, ಒಂಬತ್ತು, ಹನ್ನೊಂದು. ಇಬ್ಬರೂ ಕಪ್ಪನ್ನು ಬೇಟೆಯಾಡುವವರಂತೆ ಅರ್ಧ ಗಂಟೆ ಹುಡುಕಿದರು. ಕೊನೆಗೆ ಗಂಗುಲಮ್ಮ ಹಿಂದಕ್ಕೊರಗಿ, "ಹಂಗಾದ್ರೆ ಅವ್ರ್ಯಾರೂ ನೆಟ್ಟಗೆ ನೋಡೇ ಇರ್ಲಿಲ್ಲ ಅನ್ನು" ಎಂದಳು. ಮತ್ತೆ ಪರದೆಯತ್ತ ಬಗ್ಗಿದಳು. "ಈ ಬಣ್ಣ ತಳ ಹತ್ತಿದ ಬೆಲ್ಲದ ಪಾಕ. ಇದು ಹುಣಸೆಹಣ್ಣು, ಹೊಸದಲ್ಲ, ಹೋದ್ವರ್ಷದ್ದು. ಬರ್ಕೋ."

ಅನಸೂಯ ಅಂಕೆಗಳ ಪಕ್ಕದಲ್ಲಿ ಹೆಸರುಗಳನ್ನು ಬರೆದುಕೊಂಡಳು. ಆಮೇಲೆ ಕೆಲಸ ಸಲೀಸಾಯಿತು. ಬುದ್ಧನ ಕೆನ್ನೆಗೆ ಬೆಲ್ಲದ ಪಾಕ, ರೆಪ್ಪೆಯ ಕೆಳಗೆ ನೇರಳೆ, ಕಿವಿಯ ತುದಿಗೆ ಬೆಳಕು ಹಾಯುವ ಕಡೆ ಕೆಂಪು. ಪರದೆಯ ಮೇಲೆ ಮುಖ ಉಸಿರಾಡುವಂತೆ ಕಂಡಿತು. ಆದರೆ ಅಂಗಡಿಯ ಇಂಕ್‌ಜೆಟ್ಟಿನಲ್ಲಿ ಪ್ರಿಂಟ್ ತೆಗೆದರೆ ಬುದ್ಧ ಮಸಿಯಲ್ಲಿ ಅದ್ದಿದ ಹಾಗೆ ಬಂದ. ಪರದೆಯಲ್ಲಿ ಬೆಳಕು ಸೇರಿ ಬಣ್ಣವಾಗುತ್ತದೆ, ಕಾಗದದ ಮೇಲೆ ಮಸಿ ಸೇರಿ ಬಣ್ಣವಾಗುತ್ತದೆ, ಎರಡೂ ಒಂದಲ್ಲ ಎಂದು ಮೇಷ್ಟ್ರು ತರಗತಿಯಲ್ಲಿ ಹೇಳಿದ್ದು ಅವಳಿಗೆ ಈಗ ಅರ್ಥವಾಯಿತು. ಆರು ಸಲ ತಿದ್ದಿ, ಬೆಂಗಳೂರಿಗೆ ಹೋಗಿ ದೊಡ್ಡದಾಗಿ ಪ್ರಿಂಟ್ ತೆಗೆಸಿ ತಂದಳು.

ಪೂರ್ಣಿಮೆಯ ಹಿಂದಿನ ದಿನ ವಿಹಾರದಲ್ಲಿ ಅದನ್ನು ಬಿಚ್ಚಿದಾಗ, ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಮುನಿಗಂಗಪ್ಪ ಕನ್ನಡಕ ಸರಿಮಾಡಿಕೊಂಡ. "ಗೆರೆ ಬಲು ಚೆನ್ನಾಗವೆ ಕಣಮ್ಮ. ಬಣ್ಣ ಒಂಚೂರು ಬೆಳ್ಳಗೆ ಮಾಡಕ್ಕಾಗಲ್ವಾ? ಹೊರಗಡೆಯವ್ರು ಬರ್ತಾರೆ."

"ಆಗುತ್ತೆ ದೊಡ್ಡಪ್ಪ, ಎರಡೇ ನಿಮಿಷದ ಕೆಲಸ. ಆದ್ರೆ ನಾನು ಮಾಡಲ್ಲ" ಎಂದಳು ಅನಸೂಯ. ಹಿರಿಯರಿಗೆ ಹೀಗೆ ಎದುರಾಡಿದ್ದು ಅದೇ ಮೊದಲು.

ಕೋನಪ್ಪ ಚಿತ್ರದ ಹತ್ತಿರ ಹೋಗಿ, ದೂರ ಬಂದು, ಮತ್ತೆ ಹತ್ತಿರ ಹೋದ. ಆಮೇಲೆ ಸುತ್ತಿಗೆ ಹುಡುಕಿ ಮೊಳೆ ಹೊಡೆದ. ಮುನಿಗಂಗಪ್ಪ ಹಳೆಯ ಕ್ಯಾಲೆಂಡರಿನ ಚಿತ್ರವನ್ನು ಬಿಸಾಡಲು ಬಿಡದೆ, ಒರೆಸಿ ಎದುರುಗೋಡೆಗೆ ಹಾಕಿಸಿದ. ಹಾಗಾಗಿ ಆ ವರ್ಷ ವಿಹಾರದಲ್ಲಿ ಇಬ್ಬರು ಬುದ್ಧರು ಎದುರುಬದುರಾಗಿ ಕೂತರು. ಬಂದವರು ಇಬ್ಬರಿಗೂ ಹೂವಿಟ್ಟರು.

ಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ ಪಕ್ಕದ ಬೀದಿಯ ಓಬಳಮ್ಮ ಡಿಟಿಪಿ ಸೆಂಟರಿನ ಬಾಗಿಲಲ್ಲಿ ನಿಂತಿದ್ದಳು. ಹಿಂದೆ ಇನ್ನಿಬ್ಬರು ಹೆಂಗಸರು. "ಗಂಗುಲಕ್ಕನ ಮೈಯಾಗೆ ಹಸಿರು ಸಿಕ್ತಂತೆ. ನನ್ನ ಹತ್ರ ಪಟ ಇಲ್ಲ, ಕೈಯಾದ್ರೂ ನೋಡಮ್ಮ."

ಅನಸೂಯ ಒಂದು ಕ್ಷಣ ಯೋಚಿಸಿದಳು. ಕೈಯನ್ನೇ ಸ್ಕ್ಯಾನರಿನ ಮೇಲಿಟ್ಟರೆ ಏನಾಗುತ್ತದೆಂದು ಅವಳಿಗೂ ಗೊತ್ತಿರಲಿಲ್ಲ. ಮುಚ್ಚಳ ಎತ್ತಿ ಗಾಜು ಒರೆಸಿದಳು.

"ಸುಡಲ್ಲ ತಾನೆ?" ಎಂದಳು ಓಬಳಮ್ಮ.

"ಸುಡಲ್ಲ, ಅಲ್ಲಾಡಿಸ್ಬೇಡಿ ಅಷ್ಟೆ."

ಓಬಳಮ್ಮ ಬಳೆ ಮೇಲೇರಿಸಿ ಅಂಗೈ ಊರಿದಳು. ಗಾಜಿನ ಕೆಳಗಿಂದ ಬೆಳಕಿನ ಪಟ್ಟಿ ನಿಧಾನವಾಗಿ ಹೊರಟಿತು. ಲೆಕ್ಕದ ಪುಸ್ತಕ ಬಿಟ್ಟು ಎದ್ದು ಬಂದ ವೆಂಕಟರವಣಪ್ಪನೂ ಸೇರಿ, ಎಲ್ಲರೂ ಪರದೆಯ ಕಡೆ ಕತ್ತು ಚಾಚಿದರು.