ಹಾಲು ಬಿಡಿಸಿದ ಒಂಬತ್ತನೇ ದಿನ

ಒಂದು ಗುಳ್ಳೆ ನಲ್ಲಿಯ ಹತ್ತಿರ ಹೋಗಿ ನಿಂತಿದೆ, ಒಡೆಯುವುದಿಲ್ಲ, ಅದರೊಳಗೆ ಬಚ್ಚಲ ಕಿಟಕಿ, ಕಿಟಕಿಯೊಳಗೆ ಮಂಜು, ಮಂಜಿನೊಳಗೆಲ್ಲೋ ನಮ್ಮ ಗುಡ್ಡ ಇರಬೇಕು, ಕಾಣುವುದಿಲ್ಲ — ಊದು ಪಾಪ್, ಇನ್ನೊಂದು ಊದು, ಅಂತಾನೆ ನೆಡ್, ಊದಬೇಕಾದವನು ನೀನು ಕಣೋ, ನಾನಲ್ಲ, ನೀನು ಊದಿದರೆ ಹೊಟ್ಟೆ ತಾನಾಗಿ ಒತ್ತಿಕೊಳ್ಳುತ್ತದೆ, ಮನೆಗೆ ಬಂದಿದ್ದ ಆ ನರ್ಸ್ ಹುಡುಗಿ ಹೇಳಿದ್ದು ಅದನ್ನೇ, ತಿಂಡಿಯಾದ ಮೇಲೆ ಹತ್ತು ನಿಮಿಷ ಕೂರಿಸಿ, ಕಾಲು ಜೋತಾಡಬಾರದು, ಕೆಳಗೆ ಏನಾದರೂ ಇಡಿ, ಸೋಪಿನ ಗುಳ್ಳೆ ಊದಿಸಿ, ಅವಸರ ಮಾಡಬೇಡಿ. ಹಾಲಿನ ಕ್ರೇಟು ಬೋರಲು ಹಾಕಿದ್ದೇನೆ, ಅದರ ಮೇಲೆ ಎರಡು ಪಾದ, ಬೆಣ್ಣೆಯ ಬಣ್ಣದವು. ಎರಡೂವರೆ ವರ್ಷದ ಮೊಮ್ಮಗ ಕಮೋಡಿನ ಮೇಲೆ, ಅರವತ್ತಾರರ ಅಜ್ಜ, ಅವನ ಪಾಪ್, ಕೆಳಗೆ ನೆಲದಲ್ಲಿ, ಚಿಪ್ಪು ಬದಲಿಸಿಕೊಂಡ ಮಂಡಿಯನ್ನು ಉದ್ದಕ್ಕೆ ಚಾಚಿಕೊಂಡು, ಯಾರಾದರೂ ನೋಡಿದರೆ ನಗಬೇಕು. ಇಳಿಜಾರಿನ ಕೆಳಗಿಂದ ಹಾಲು ಕರೆಯುವ ಯಂತ್ರದ ಗುಂಯ್ ಸದ್ದು ಬರುತ್ತಿದೆ, ಮಗ ಲ್ಯಾಕ್ಲನ್, ಸೊಸೆ ಟೆಗನ್, ಇಬ್ಬರೂ ಅಲ್ಲಿ, ಇನ್ನೂ ಅರವತ್ತು ಹಸು ಉಳಿದಿರಬೇಕು, ಸದ್ದಿನ ಮೇಲೆಯೇ ಹೇಳುತ್ತೇನೆ. ಇವತ್ತು ಗುರುವಾರ. ಮಗು ಕಕ್ಕ ಮಾಡಿ ನಾಲ್ಕು ದಿನ. ಇವತ್ತೂ ಆಗದಿದ್ದರೆ ನಾಳೆ ದೊಡ್ಡಾಸ್ಪತ್ರೆ, ಎರಡು ಗಂಟೆಯ ದಾರಿ, ಮೂಗಿನಿಂದ ನಳಿಕೆ ಇಳಿಸಿ ಔಷಧಿ ಬಿಡುತ್ತಾರಂತೆ, ಕೈಕಾಲು ಅಲುಗಾಡದ ಹಾಗೆ ಯಾರೋ ಹಿಡಿದುಕೊಳ್ಳಬೇಕಂತೆ, ನೆನೆದರೆ ನನಗೇ ಮೂಗು ಉರಿಯುತ್ತದೆ.

ಗುಳ್ಳೆ ಒಡೆಯಿತು, ಅದು ಯಾವಾಗ ಒಡೆಯಿತೋ ನೋಡಲಿಲ್ಲ. ತಿಂಡಿ ಚೆನ್ನಾಗಿಯೇ ತಿಂದ, ಓಟ್ಸ್ ಗಂಜಿ, ಅದರೊಳಗೆ ಸಿಪ್ಪೆ ಸಮೇತ ತುರಿದ ಮರಸೇಬು, ರಾತ್ರಿ ನೆನೆಹಾಕಿದ್ದ ಎರಡು ಒಣ ಪ್ಲಮ್, ಒಂದು ಲೋಟ ನೀರು, ಪ್ಲಮ್ಮಿನ ರಸ ಗಲ್ಲದ ಮೇಲೆ ಇನ್ನೂ ಇದೆ, ಒರೆಸಬೇಕು, ಏಳಲು ಮಂಡಿ ಬಿಡಬೇಕಲ್ಲ. ನಮ್ಮಮ್ಮ ಭಾನುವಾರ ಚರ್ಚಿಗೆ ಹೊರಡುವ ಮುಂಚೆ ನಮ್ಮೈದು ಜನರನ್ನೂ ಸಾಲಾಗಿ ನಿಲ್ಲಿಸಿ ಬೇಯಿಸಿದ ಪ್ಲಮ್ಮಿನ ಭರಣಿಯಿಂದ ಎರಡೆರಡು ಚಮಚ ಬಾಯಿಗೆ ಹಾಕುತ್ತಿದ್ದಳು, ಯಾಕೆ ಅಂತ ಹೇಳಲಿಲ್ಲ, ನಾವೂ ಕೇಳಲಿಲ್ಲ, ಅದೂ ಚರ್ಚಿನ ಒಂದು ಭಾಗ ಅಂದುಕೊಂಡಿದ್ದೆ, ಆ ಭರಣಿಯ ನೀಲಿ ಗಾಜು, ಅದರೊಳಗೆ ಬಿಸಿಲು, ಅಮ್ಮನ ಹೆಬ್ಬೆರಳು ನನ್ನ ತುಟಿ ಒರೆಸುವುದು — ಪಾಪ್, ಊದು. ಊದುತ್ತೇನಪ್ಪ ರಾಜ. ಹಾಲು, ಅಂದಳಲ್ಲ ಆ ಹುಡುಗಿ, ಅಡುಗೆಮನೆಯಲ್ಲಿ ಕೂತು, ನನ್ನ ಮೇಜಿನ ಮೇಲೆ ಕಾಗದ ಹರಡಿಕೊಂಡು, ದಿನಕ್ಕೆ ಐದು ಬಾಟಲಿ ಅಂದ್ರೆ ಅದೇ ಹೊಟ್ಟೆ ತುಂಬಿಬಿಡುತ್ತೆ, ಬೇರೆ ಏನೂ ತಿನ್ನಲ್ಲ, ನಾರಿನ ಅಂಶವೇ ಒಳಗೆ ಹೋಗಲ್ಲ, ಗಟ್ಟಿಯಾಗುತ್ತೆ, ನೋವಾಗುತ್ತೆ, ನೋವಾಗುತ್ತೆ ಅಂತ ಮಗು ತಡೆದುಕೊಳ್ಳುತ್ತೆ, ತಡೆದಷ್ಟೂ ಇನ್ನೂ ಗಟ್ಟಿ, ಹಾಲು ಅರ್ಧ ಲೀಟರಿಗಿಂತ ಜಾಸ್ತಿ ಬೇಡ, ಅದೂ ಲೋಟದಲ್ಲಿ, ಬಾಟಲಿ ಎಸೆದುಬಿಡಿ. ಮೈಯೆಲ್ಲ ಉರಿದುಹೋಯಿತು ನನಗೆ. ನಾಲ್ಕು ತಲೆಮಾರು ಈ ಗುಡ್ಡದ ಮೇಲೆ ಹಾಲು ಕರೆದು ಬದುಕಿದ ಮನೆ, ಆ ಗೋಡೆಗೆ ನನ್ನ ತಾತನ ಫೋಟೋ ತೂಗುಹಾಕಿದೆ, ಕೈಯಲ್ಲಿ ಹಾಲಿನ ಕ್ಯಾನು, ಅವನ ಕೆಳಗೆ ಕೂತುಕೊಂಡು ಹೇಳುತ್ತಾಳೆ, ಹಾಲು ಕಡಿಮೆ ಮಾಡಿ ಅಂತ. ಟೀ ಕುಡಿಯುತ್ತೀಯಾ ತಾಯಿ, ಹಾಲು ಹಾಕದೆ ಕೊಡಲಾ, ಅಂದೆ. ಟೆಗನ್ ನನ್ನನ್ನು ದುರುಗುಟ್ಟಿ ನೋಡಿದಳು. ನರ್ಸ್ ಮಾತ್ರ ನಕ್ಕಳು, ಒಳ್ಳೆಯ ಹುಡುಗಿಯೇ, ಅವಳದೇನು ತಪ್ಪು.

ಟೆಗನ್ ಅವತ್ತಿಂದಲೇ ಶುರು ಮಾಡಿದಳು, ಅವಳು ಹಿಡಿದರೆ ಹಿಡಿದಳೇ, ಬಿಳಿ ಬ್ರೆಡ್ಡು ಹೋಯಿತು, ಚೀಸಿನ ತುಂಡು ಹೋಯಿತು, ಬಟಾಣಿ ಬಂತು, ಬೀನ್ಸ್ ಬಂತು, ಕಿವಿ ಹಣ್ಣು, ಬಟಾಣಿ ಬೇಳೆಯ ಸೂಪು, ಫ್ರಿಜ್ಜಿನ ಬಾಗಿಲ ಮೇಲೆ ಒಂದು ಹಾಳೆ, ಬೆಳಿಗ್ಗೆ ಏನು ತಿಂದ, ಮಧ್ಯಾಹ್ನ ಏನು, ರಾತ್ರಿ ಏನು. ಹಾಳೆಯ ರಾತ್ರಿಯ ಅಂಕಣದಲ್ಲಿ ದಿನಾ ಒಂದೇ ಮಾತು, ತಿನ್ನಲಿಲ್ಲ. ತಿನ್ನಲಿಲ್ಲ. ಬಟಾಣಿ ಎಸೆದ. ತಿನ್ನಲಿಲ್ಲ. ಆರು ವಾರ. ಯಾಕೆ ಹಸಿವೇ ಆಗಲ್ಲ ಇವನಿಗೆ, ಅಂತ ಅವಳು ಕೇಳುತ್ತಾಳೆ, ಲ್ಯಾಕ್ಲನ್ ಭುಜ ಹಾರಿಸುತ್ತಾನೆ, ನಾನು ಕುರಿಮಾಂಸ ಕತ್ತರಿಸುತ್ತಿರುತ್ತೇನೆ, ಬಹಳ ಸಣ್ಣಸಣ್ಣಗೆ ಕತ್ತರಿಸುತ್ತೇನೆ. ಹಸಿವು ಎಲ್ಲಿಂದ ಬರಬೇಕು, ಮಧ್ಯಾಹ್ನ ಮೂರಕ್ಕೆ ಕರುಗಳ ಕೊಟ್ಟಿಗೆಯಲ್ಲಿ ನಾನು ದೊಡ್ಡ ಬಾಟಲಿ ತುಂಬ ಹಾಲು ಕುಡಿಸಿರುತ್ತೇನಲ್ಲ. ಕರುಗಳ ಔಷಧಿಯ ಡಬ್ಬಗಳ ಹಿಂದೆ ಆ ಬಾಟಲಿ ಇಡುತ್ತಿದ್ದೆ, ತೊಟ್ಟಿಯ ಹಾಲನ್ನು ಬಿಸಿನೀರಲ್ಲಿಟ್ಟು ಹದ ಮಾಡಿ, ಮಣಿಕಟ್ಟಿನ ಮೇಲೆ ಒಂದು ತೊಟ್ಟು ಬಿಟ್ಟು ನೋಡಿ, ಕೊಡುತ್ತಿದ್ದೆ, ಅವನು ಹುಲ್ಲಿನ ಪೆಂಡಿಯ ಮೇಲೆ ಮಲಗಿ, ನನ್ನ ಕಿವಿ ಹಿಡಿದುಕೊಂಡು, ಅರ್ಧ ಕಣ್ಣು ಮುಚ್ಚಿ, ಗುಟುಕ್ ಗುಟುಕ್, ಕರುಗಳೂ ಅದೇ ಹೊತ್ತಿಗೆ ಗುಟುಕ್ ಗುಟುಕ್, ಹುಲ್ಲಿನ ಬೆಚ್ಚನೆಯ ವಾಸನೆ, ತಗಡಿನ ತೂತಿನಿಂದ ಇಳಿದ ಬಿಸಿಲಿನ ಕೋಲು, ಅದರಲ್ಲಿ ಧೂಳು ತೇಲುವುದು, ಆ ಹೊತ್ತು ನನಗೆ ಬೇರೆ ಏನೂ ಬೇಕಿರಲಿಲ್ಲ, ನಿಜ ಹೇಳಬೇಕೆಂದರೆ ಅವನಿಗಿಂತ ನನಗೇ ಅದು ಬೇಕಿತ್ತು. ಅಮ್ಮನಿಗೆ ಹೇಳಬೇಡ, ಅಂದೆ. ಎರಡೂವರೆ ವರ್ಷದ ಮಗುವಿಗೆ ಗುಟ್ಟು ಕಲಿಸಿದೆ ನಾನು, ಅವನೂ ಹೇಳಲಿಲ್ಲ ನೋಡು, ಜಪ್ಪಯ್ಯ ಅಂದರೂ ಬಾಯಿ ಬಿಡಲಿಲ್ಲ.

ಇನ್ನು ಆ ಕುಣಿತ. ಹಾಲು ಕುಡಿದು ಎದ್ದವನು ಕರುಗಳ ಬೇಲಿಯ ಕಂಬಿ ಎರಡು ಕೈಯಲ್ಲಿ ಹಿಡಿದು, ತುದಿಗಾಲ ಮೇಲೆ ನಿಂತು, ಕಾಲಿಗೆ ಕಾಲು ಹೆಣೆದು, ಆ ಕಡೆ ಈ ಕಡೆ ತೂಗುತ್ತಿದ್ದ, ಮುಖ ಕೆಂಪು, ಕಣ್ಣಲ್ಲಿ ನೀರು ತುಂಬಿ ಹೊಳೆಯುತ್ತಿತ್ತು, ನಾನು — ಕರುಗಳನ್ನು ನೋಡಿ ಕುಣೀತಿದಾನೆ, ಅಂದುಕೊಂಡೆ, ಚಪ್ಪಾಳೆ ತಟ್ಟಿದೆ, ಕುಣಿ ಮಗನೇ ಕುಣಿ. ಅವನು ನನ್ನ ಕಡೆ ತಿರುಗಿ ನೋಡುತ್ತಿದ್ದ. ನೂರು ಹೆಜ್ಜೆ ದೂರದಿಂದ ಸಗಣಿ ನೋಡಿ ಹಸು ಏನು ತಿಂದಿದೆ ಅಂತ ಹೇಳುವವನು ನಾನು, ಗಟ್ಟಿ ಕಟ್ಟಿದರೆ ಒಣಹುಲ್ಲು ಜಾಸ್ತಿ, ನೀರಾದರೆ ಎಳೆ ಹುಲ್ಲು ಜಾಸ್ತಿ, ಕರು ಬಾಲ ಎತ್ತಿ ಬೆನ್ನು ಬಾಗಿಸಿ ಸುಮ್ಮನೆ ನಿಂತರೆ ಓಡಿಹೋಗಿ ಹೊಟ್ಟೆ ಮುಟ್ಟಿ ನೋಡುವವನು, ಸುತ್ತಲಿನ ಫಾರ್ಮಿನವರು ಕ್ಲೆಮ್‌ನ ಕೇಳಿ ಅಂತ ಕರೆಸುತ್ತಾರೆ, ಆ ಕ್ಲೆಮ್ ಚಪ್ಪಾಳೆ ತಟ್ಟಿದ. ಕಂಬಿ ಹಿಡಿದ ಬೆರಳುಗಳು ಬೆಳ್ಳಗಾಗಿದ್ದವು, ಅದನ್ನೂ ನೋಡಿದ್ದೆ, ನೋಡಿಯೂ. ಹೋಗಲಿ, ಆ ಕಡೆ ಯೋಚಿಸುವುದು ಬೇಡ. ಹೊರಗೆ ಮಂಜು ಸ್ವಲ್ಪ ತೆಳುವಾಗಿದೆ, ಮರಸೇಬಿನ ಮರದ ಒಂದು ಕೊಂಬೆ ಕಾಣುತ್ತಿದೆ, ಬುಡ ಇನ್ನೂ ಇಲ್ಲ.

ಹೋದ ವಾರ ಬುಧವಾರ ಲ್ಯಾಕ್ಲನ್ ಕೊಟ್ಟಿಗೆಗೆ ಬಂದ, ನಲವತ್ತೇಳನೇ ನಂಬರಿನ ಕರು ಕಾಳು ಮುಟ್ಟುತ್ತಿಲ್ಲ, ಉಳಿದವೆಲ್ಲ ದಿನಕ್ಕೊಂದು ಕಿಲೋ ತಿಂತಿವೆ, ಇದಕ್ಕೇನು ಕಾಯಿಲೆ ಅಪ್ಪ, ಅಂದ. ಕಾಯಿಲೆಯೂ ಇಲ್ಲ ಕಸಾಲೆಯೂ ಇಲ್ಲ, ಅಂದೆ ನಾನು, ಪಕ್ಕದ್ದರ ಪಾಲಿನ ಹಾಲನ್ನೂ ಇದೇ ಕುಡೀತಿದೆ, ಹೊಟ್ಟೆ ತುಂಬ ಹಾಲಿದ್ರೆ ಕಾಳು ಯಾಕೆ ತಿನ್ನುತ್ತೆ, ಹಾಲು ಬಿಡಿಸು, ಎರಡು ದಿನ ಅರಚುತ್ತೆ, ಮೂರನೇ ದಿನ ತಿನ್ನುತ್ತೆ. ಅಂದವನು ಹಾಗೇ ನಿಂತೆ. ಮೂವತ್ತೈದು ವರ್ಷದಿಂದ ಹೇಳುತ್ತ ಬಂದ ಮಾತು, ಪ್ರತಿ ವಸಂತದಲ್ಲೂ ಹೇಳುವ ಮಾತು, ಬಾಯಿಂದ ಬಿದ್ದ ಮೇಲೆ ಕಿವಿಗೆ ಬಿತ್ತು. ಪೆಂಡಿಯ ಹಿಂದೆ ನೆಡ್ ನನ್ನ ಜೇಬು ಎಳೆಯುತ್ತಿದ್ದ, ಬಾಟ್ಲಿ ಪಾಪ್, ಬಾಟ್ಲಿ. ಲ್ಯಾಕ್ಲನ್ ಹೋದ ಮೇಲೆ ಬಾಟಲಿಯನ್ನು ಕಸದ ಡ್ರಮ್ಮಿನ ತಳಕ್ಕೆ ತಳ್ಳಿದೆ. ಎರಡು ದಿನ ಅರಚಿದ, ಕೊಟ್ಟಿಗೆಯ ನೆಲದಲ್ಲಿ ಬಿದ್ದು ಹೊರಳಾಡಿದ, ನನ್ನ ಕೈ ಕಚ್ಚಿದ, ಕಚ್ಚಲಿ, ಅದಕ್ಕೆ ನಾನು ಲಾಯಕ್ಕು. ಮೂರನೇ ದಿನ ರಾತ್ರಿ ಒಂದು ಬಟ್ಟಲು ಬಟಾಣಿ ಸೂಪು ಕುಡಿದು ಬಟ್ಟಲು ನೆಕ್ಕಿದ. ಟೆಗನ್ ಹಾಳೆಯ ಮೇಲೆ ನಕ್ಷತ್ರ ಬರೆದಳು, ಸೂಪಿಗೆ ಪುದೀನ ಹಾಕಿದ್ದಕ್ಕೇ ತಿಂದ ಅಂತ ಅವಳ ನಂಬಿಕೆ. ಐದನೇ ದಿನ ಕಕ್ಕ ಮಾಡಿದ, ಒಳಗೆ ಕಟ್ಟಿಕೊಂಡಿದ್ದ ಹಳೆಯದು, ಕಲ್ಲು, ಅದರ ಮೇಲೆ ರಕ್ತದ ಗೆರೆ, ಆ ಕೂಗು ಶೆಡ್ಡಿನವರೆಗೆ ಕೇಳಿತಂತೆ. ಆವತ್ತಿಂದ ಮತ್ತೆ ಬಿಗಿಹಿಡಿದು ಕೂತಿದ್ದಾನೆ. ಟೆಗನ್ ಮೆಟ್ಟಿಲ ಮೇಲೆ ಕೂತು ಅತ್ತಳು, ನಾನು ಏನೋ ತಪ್ಪು ಮಾಡ್ತಿದೀನಿ ಕ್ಲೆಮ್, ಏನು ಅಂತ ಗೊತ್ತಾಗ್ತಿಲ್ಲ. ನಾನು ಅವಳ ಪಕ್ಕ ಕೂತೆ. ಬಾಯಿ ತೆರೆದೆ, ಟೀ ಮಾಡಲಾ, ಅಂದೆ.

ಪಾಪ್. ದನಿ ಬೇರೆಯಾಗಿದೆ. ಪಾದಗಳು ಕ್ರೇಟಿನ ಮೇಲೆ ಒಂದನ್ನೊಂದು ಉಜ್ಜುತ್ತಿವೆ, ಬರ್ತಿದೆಯಾ ಕಂದ, ಬರಲಿ ಬಿಡು — ಬೇಡ, ನೋವಾಗುತ್ತೆ, ಅಂತಾನೆ, ನನ್ನ ಅಂಗಿಯ ತೋಳು ಹಿಡಿದುಕೊಂಡ, ಕಾಲಿಗೆ ಕಾಲು ಹೆಣೆಯಲು ನೋಡುತ್ತಾನೆ, ಗೊತ್ತು ನನಗೆ ಈಗ ಅದು ಏನು ಅಂತ, ಕುಣಿತ ಅಲ್ಲ ಅದು, ಬರುವುದನ್ನು ತಡೆಹಿಡಿಯುವುದು — ನೋವಾಗಲ್ಲ ಈ ಸಲ, ಪ್ಲಮ್ಮು ತಿಂದಿದೀಯಲ್ಲ, ಮೆತ್ತಗಿರುತ್ತೆ, ಪಾಪ್ ಮೇಲಾಣೆ, ಊದು, ಇಲ್ಲಿ ನೋಡು, ದೊಡ್ಡದು ಊದು, ಹಸುವಿನಷ್ಟು ದೊಡ್ಡದು. ಸುಳ್ಳು ಹೇಳುತ್ತಿಲ್ಲ ತಾನೇ ನಾನು, ಮೆತ್ತಗಿರಲಿ ದೇವರೇ, ಒಂಬತ್ತು ದಿನದ ನೀರು, ಗಂಜಿ, ಬಟಾಣಿ, ಎಲ್ಲ ಒಳಗೆ ಎಲ್ಲೋ ಸಾಲುಗಟ್ಟಿರಬೇಕು, ಊದಿದ, ತುಟಿ ಮುಂದೆ ಮಾಡಿ, ಒಂದು ಗುಳ್ಳೆ ಉಬ್ಬುತ್ತಾ ಉಬ್ಬುತ್ತಾ ಊದುಕಡ್ಡಿಯ ಬಳೆಯಿಂದ ಕಳಚಿ ಮೇಲೇರಿತು, ಅದನ್ನೇ ನೋಡುತ್ತ ಬಾಯಿ ಅರ್ಧ ತೆರೆದಿದ್ದಾನೆ, ನೋಡುತ್ತಿರುವಾಗಲೇ ಕೆಳಗೆ ನೀರಿನ ಸದ್ದು, ಇನ್ನೊಂದು, ಕೂಗಲಿಲ್ಲ. ಕೂಗಲಿಲ್ಲ ಅವನು. ನನ್ನ ಮುಖ ನೋಡಿದ, ಆಮೇಲೆ ತೊಡೆಗಳ ನಡುವೆ ಬಗ್ಗಿ ಕೆಳಗೆ ನೋಡಿದ. ಕಕ್ಕ, ಅಂದ. ಹೂಂ, ಅಂದೆ. ನೋವಿಲ್ಲ, ಅಂದ. ಹೌದು, ಇಲ್ಲ, ಅಂದೆ, ಇದ್ದಬದ್ದ ದೇವರಿಗೆಲ್ಲ ಕೈ ಮುಗಿದೆ, ಅವನು ಬೈಬೈ ಕಕ್ಕ ಅಂತ ಕೈ ಬೀಸುತ್ತಿದ್ದ.

ಯಂತ್ರದ ಸದ್ದು ಯಾವಾಗ ನಿಂತಿತೋ, ಹಿಂಬಾಗಿಲಲ್ಲಿ ಗಮ್‌ಬೂಟು ಕಳಚುವ ಸದ್ದು, ಟೆಗನ್ ಬಚ್ಚಲ ಬಾಗಿಲಿಗೆ ಬಂದಳು, ಕೂದಲಲ್ಲಿ ಮಂಜಿನ ಹನಿ, ಕೆಳಗೆ ಇಣುಕಿ ನೋಡಿದಳು, ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡಳು. ಬಗ್ಗಿ ನನ್ನ ಬೋಳು ತಲೆಗೆ ಮುತ್ತು ಕೊಟ್ಟಳು, ಮೊದಲ ಸಲ. ನಿಮ್ಮಿಂದ ಆಯ್ತು ಕ್ಲೆಮ್, ಅಂದಳು, ದಿನಾ ಈ ಮಂಡಿ ಇಟ್ಕೊಂಡು ಕೂತಿರಿ, ನಿಮ್ಮಿಂದಲೇ ಆಯ್ತು. ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು, ಬಾಟಲಿ ಡ್ರಮ್ಮಿನ ತಳದಲ್ಲಿತ್ತು, ಡ್ರಮ್ಮು ಖಾಲಿಯೂ ಆಗಿದೆ, ಮಗು ಬಾಯಿ ಬಿಡುವುದಿಲ್ಲ, ನಾನೇ ಕಲಿಸಿದ್ದೇನೆ. ಬಾಯಿ ಬಿಡುವುದಿಲ್ಲ. ಟೆಗನ್, ಅಂದೆ, ಮಧ್ಯಾಹ್ನ ಕೊಟ್ಟಿಗೆಯಲ್ಲಿ ನಾನೇ ಹಾಲು ಕುಡಿಸ್ತಿದ್ದೆ. ಬಾಟಲಿಲಿ. ಒಂದು, ಕೆಲವು ದಿನ ಎರಡು. ನಿಲ್ಲಿಸಿ ಒಂಬತ್ತು ದಿನ ಆಯ್ತು. ಅವಳು ನಗುತ್ತಲೇ ಇದ್ದಳು, ನಗು ಮುಖದ ಮೇಲೆ ಮರೆತುಹೋದ ಹಾಗೆ ಉಳಿದಿತ್ತು. ಮಗುವನ್ನು ಎತ್ತಿದಳು, ಒರೆಸಿದಳು, ಚಡ್ಡಿ ಏರಿಸಿದಳು, ಕೈ ತೊಳೆಸಿದಳು, ನಲ್ಲಿ ಬಹಳ ಹೊತ್ತು ಹರಿಯಿತು, ನನಗೆ ಬೆನ್ನು ಹಾಕಿಯೇ ಮಾತಾಡಿದಳು, ದನಿ ಏರಿಸಲಿಲ್ಲ. ಆರು ವಾರ ನಾನು ಅವನಿಗೆ ಬೈದೆ ಕ್ಲೆಮ್. ಇಷ್ಟೆಲ್ಲ ಮಾಡ್ತಿದೀನಿ, ನಿಂದು ಬರೀ ಹಟ ಅಂತ. ಒಂದಿನ ಇಲ್ಲೇ ಕೂರಿಸಿ ಬಾಗಿಲು ಹಾಕ್ಕೊಂಡು ಹೋದೆ. ಬಾಗಿಲ ಹಿಂದಿಂದ ಸಾರಿ ಮಮ್, ಸಾರಿ ಮಮ್ ಅಂತಿದ್ದ.

ಹೊರಟುಹೋದಳು, ಮಗುವನ್ನು ಹೆಗಲಿಗೆ ಹಾಕಿಕೊಂಡು, ಅವನು ನನಗೂ ಬೈಬೈ ಮಾಡಿದ. ಏಳಬೇಕು. ಕ್ರೇಟು ತೆಗೆದಿಡಬೇಕು, ಆಸ್ಪತ್ರೆಗೆ ಫೋನು ಮಾಡಬೇಕು, ನಾಳೆ ಬರುವುದಿಲ್ಲ ಅಂತ, ಅವಳ ಹಿಂದೆ ಹೋಗಬೇಕು, ಹೋಗಿ ಏನಾದರೂ, ಏನು ಅಂತ, ಮಂಡಿ ಮಡಚುವುದಿಲ್ಲ, ಕೈ ನೆಲಕ್ಕೆ ಊರಿದ್ದೇನೆ, ಏಳುವುದಿಲ್ಲ — ಕಬ್ಬಿಣದ ಕಂಬಿ, ಅದರ ಮೇಲೆ ಬೆಳ್ಳಗಾದ ಬೆರಳು, ನೆಲ ಬಿಟ್ಟೆದ್ದ ಎರಡು ಹಿಮ್ಮಡಿ, ನೀರು ತುಂಬಿದ ಕಣ್ಣು ನನ್ನ ಕಡೆಗೆ ತಿರುಗಿದೆ, ನಾನು ಚಪ್ಪಾಳೆ ತಟ್ಟುತ್ತಿದ್ದೇನೆ, ಕಂಬಿ, ಹಿಮ್ಮಡಿ, ಆ ಕಣ್ಣು, ನಾನು ಚಪ್ಪಾಳೆ ತಟ್ಟುತ್ತಿದ್ದೇನೆ