ಓದಿ ಹೇಳುವವಳು

"ಕನ್ನಡಕ ಹಾಕುವುದಾ, ಬೇಡವಾ?"

ದೀಕ್ಷಿತಾಳ ತಾಯಿ ಕೇಳಿದ್ದು ಯಾರನ್ನೂ ಅಲ್ಲ. ಆಸ್ಪತ್ರೆಯ ಶವಾಗಾರದ ತಣ್ಣನೆಯ ಕೋಣೆಯಲ್ಲಿ ಹತ್ತು ಹನ್ನೆರಡು ಜನ ಗೋಡೆಗೆ ಒರಗಿ ನಿಂತಿದ್ದರು. ನಡುವೆ ಮರದ ಪೆಟ್ಟಿಗೆಯಲ್ಲಿ ಪೂವಕ್ಕ ಮಲಗಿದ್ದಳು. ಆಕೆಯ ಕನ್ನಡಕ ದೀಕ್ಷಿತಾಳ ತಾಯಿಯ ಕೈಯಲ್ಲಿತ್ತು. ಅದರ ಒಂದು ಕಡ್ಡಿಗೆ ಕರಿದಾರ ಸುತ್ತಿತ್ತು. ಹದಿನಾರರ ದೀಕ್ಷಿತಾ ತಾಯಿಯ ಕೈಯಿಂದ ಅದನ್ನು ತೆಗೆದುಕೊಂಡು, ದುಪಟ್ಟಾದ ಅಂಚಿನಿಂದ ಗಾಜು ಒರೆಸಿ, ತನ್ನನ್ನು ಎತ್ತಿ ಆಡಿಸಿದವಳ ಮೂಗಿನ ಮೇಲೆ ಮೆಲ್ಲಗೆ ಇಟ್ಟಳು.

ಬಾಗಿಲ ಬಳಿ ನಿಂತಿದ್ದ ನೀಲಕಂಠಪ್ಪ ಮನಸ್ಸಿನಲ್ಲೇ ಆ ಹುಡುಗಿಗೆ ಕೈಮುಗಿದ. ಕನ್ನಡಕವಿಲ್ಲದ ಪೂವಕ್ಕನನ್ನು ಅವನು ಒಮ್ಮೆಯೂ ನೋಡಿರಲಿಲ್ಲ. ಈಗ ಗುರುತು ಸಿಕ್ಕಿತು.

ಸೈಟಿನ ನೀಲಿ ಅಂಗಿಯಲ್ಲೇ ಬಂದಿದ್ದ. ನಾಲ್ಕು ಗಂಟೆಯವರೆಗೆ ಬಿಡುವು ಕೊಡಿಸಿ ಇಂಡಸ್ಟ್ರಿಯಲ್ ಏರಿಯಾದಿಂದ ಕರೆತಂದವನು ಕಂಪನಿಯ ವ್ಯಾನ್ ಓಡಿಸುವ ಶಾಹುಲ್ ಹಮೀದ್. ಪೂವಕ್ಕ ಶನಿವಾರ ಬೆಳಿಗ್ಗೆ ದೋಸೆಹಿಟ್ಟು ಕದಡುತ್ತಿದ್ದವಳು ಹಾಗೆಯೇ ನೆಲಕ್ಕೆ ಕುಳಿತಳಂತೆ, ಮತ್ತೆ ಏಳಲಿಲ್ಲ. ಕಾಗದಪತ್ರವಾಗುವಾಗ ಗುರುವಾರ ಬಂತು. ಸಂಜೆಯ ವಿಮಾನಕ್ಕೆ ಪೆಟ್ಟಿಗೆ ಊರಿಗೆ. ಕಾರ್ಕಳದಲ್ಲಿ ತಮ್ಮ ಕಾಯುತ್ತಿದ್ದ. ದೋಹಾದವರಿಗೆ ಆಕೆಯ ಸಾವಿನ ದಿನವೆಂದರೆ ಈ ಅರ್ಧ ಗಂಟೆ.

"ಹತ್ತು ನಿಮಿಷ. ಆಮೇಲೆ ಮುಚ್ಚಬೇಕು," ಎಂದ ಜೇಕಬ್. ಸತ್ತವರನ್ನು ಊರಿಗೆ ಕಳಿಸುವ ಕಾಗದಗಳಿಗಾಗಿ ಸಂಬಳವಿಲ್ಲದೆ ಓಡಾಡುವ ಮಲಯಾಳಿ ಅವನು.

*

ಪೂವಕ್ಕ ದೋಹಾಕ್ಕೆ ಬಂದಾಗ ದೀಕ್ಷಿತಾ ನಲವತ್ತು ದಿನದ ಕೂಸು. ಬಂದವಳು ಅಲ್ ರಯ್ಯಾನಿನಲ್ಲಿ ದೀಕ್ಷಿತಾಳ ಮನೆಯ ಅಡಿಗೆಮನೆಯಲ್ಲೇ ಹದಿನಾರು ವರ್ಷ ಕಳೆದಳು. ಅದಕ್ಕೂ ಮುಂಚೆ ಊರಿನಲ್ಲಿ ಬೀಡಿ ಕಟ್ಟುತ್ತಿದ್ದಳು. ಕಟ್ಟುತ್ತಿದ್ದಳು ಎನ್ನುವುದಕ್ಕಿಂತ, ಕಟ್ಟುವವರಿಗೆ ಓದಿ ಹೇಳುತ್ತಿದ್ದಳು. ಜಗಲಿಯಲ್ಲಿ ಹದಿನೈದು ಹೆಂಗಸರು ಸೂಪು, ಎಂದರೆ ಬೀಡಿಯ ಮೊರ, ಮಡಿಲಲ್ಲಿಟ್ಟು ಎಲೆ ಸುತ್ತುವಾಗ ಈಕೆ ಪುರಾಣ, ಧಾರಾವಾಹಿ, ಪೇಪರಿನ ಕಳ್ಳತನದ ಸುದ್ದಿ ಎಲ್ಲ ಓದಬೇಕು. ಅವಳ ಪಾಲಿನ ಬೀಡಿಯನ್ನು ಉಳಿದವರು ಹಂಚಿಕೊಂಡು ಕಟ್ಟಿಕೊಡುತ್ತಿದ್ದರು.

ಹಾಗಾಗಿ ದೋಹಾದ ಕನ್ನಡ ಸಂಘದ ನಾಟಕಕ್ಕೆ ಮರೆಯಿಂದ ಮಾತು ಹೇಳಿಕೊಡುವ ಪ್ರಾಂಪ್ಟರ್ ಬೇಕೆಂದಾಗ ಬೇರೆ ಯಾರನ್ನೂ ಹುಡುಕಬೇಕಾಗಲಿಲ್ಲ. ರಜೆಯ ದಿನವಾದ ಶುಕ್ರವಾರ ಮಧ್ಯಾಹ್ನ ಸಾರು ಮುಗಿಸಿ, ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಶಾಲೆಯ ಹಾಲಿಗೆ ಬಂದು, ಪರದೆಯ ಮರೆಯಲ್ಲಿ ಸ್ಟೂಲ್ ಹಾಕಿ ಕುಳಿತರೆ ಮುಗಿಯಿತು. ಶಿಫ್ಟಿನವರು, ರಿಹರ್ಸಲ್ ತಪ್ಪಿಸಿದವರು, ಮಾತು ನುಂಗಿದವರು, ಎಲ್ಲರೂ ಅವಳ ಕಡೆ ಒಂದು ಕಿವಿ ಇಟ್ಟೇ ರಂಗಕ್ಕೆ ಹೋಗುತ್ತಿದ್ದರು.

ಆ ಹಾಲಿಗೆ ನೀಲಕಂಠಪ್ಪ ಮೊದಲು ಹೋದದ್ದು ಪೈಪು ಕಟ್ಟಲಿಕ್ಕೆ. ನಾಟಕದ ಪಾಸು ಫ್ಯಾಮಿಲಿಯವರಿಗೆ ಮಾತ್ರ; ಲೇಬರ್ ಕ್ಯಾಂಪಿನ ಒಂಟಿ ಗಂಡಸರಿಗೆ ಇರಲಿಲ್ಲ. ಆದರೆ ಪರದೆ ನಿಲ್ಲಿಸಲು, ಕಟ್ಟಡಗಳಿಗೆ ಪೈಪಿನ ಅಟ್ಟ ಕಟ್ಟುವ ಸ್ಕ್ಯಾಫೋಲ್ಡಿಂಗಿನವನೊಬ್ಬ ಬೇಕಿತ್ತು, ಶಾಹುಲ್ ಹಮೀದ್ ಇವನನ್ನು ಕರೆತಂದಿದ್ದ. ಪೈಪು ಬೀಳದಂತೆ ನೋಡಿಕೊಳ್ಳುವ ನೆಪದಲ್ಲಿ ಎರಡು ರಿಹರ್ಸಲು, ಒಂದು ನಾಟಕ, ಸ್ಟೂಲಿನ ಹಿಂದೆಯೇ ನಿಂತ. ಬಾಗಲಕೋಟೆ ಕಡೆಯ ಅವನ ಊರಿನ ಮಠದಲ್ಲಿ ಶ್ರಾವಣವಿಡೀ ಪುರಾಣ ನಡೆಯುತ್ತಿತ್ತು. ಅಪ್ಪನ ತೊಡೆಯ ಮೇಲೆ ಕುಳಿತು ಕೇಳಿದ ಪದ್ಯಗಳು ಎಷ್ಟೋ. ಶಾಲೆಯ ಮುಖ ಕಾಣದವನಿಗೆ ಲಿಂಗಪೂಜೆಯಷ್ಟೇ ದೊಡ್ಡ ಪೂಜೆ, ಸುಮ್ಮನೆ ಕೂತು ಕೇಳುವುದು.

ನಾಟಕದ ದಿನ ನಾಯಕನ ಪಾತ್ರಧಾರಿ ಮಾತು ಮರೆತು ನಿಂತ. ಪೂವಕ್ಕನ ಕೈಯಲ್ಲಿ ಎರಡು ಹಾಳೆ ಒಂದಕ್ಕೊಂದು ಅಂಟಿತ್ತು. ಅವಳು ಬೆರಳಿಗೆ ಎಂಜಲು ಹಚ್ಚುವಷ್ಟರಲ್ಲಿ ಹಿಂದಿನಿಂದ ಆ ಮಾತು ಪಿಸುದನಿಯಲ್ಲಿ ಬಂತು. ಆಟ ಮುಂದೆ ಸಾಗಿತು.

ಪರದೆ ಬಿದ್ದ ಮೇಲೆ ಆಕೆ ಟಾರ್ಚನ್ನು ಅವನ ಮುಖಕ್ಕೆ ಹಿಡಿದಳು. "ನಿನಗೆ ಓದ್ಲಿಕ್ಕೆ ಬರ್ತದಾ?"

"ಇಲ್ಲ ಯಕ್ಕಾ."

"ಮತ್ತೆ ಹೇಗೆ ಹೇಳಿದ್ದು?"

"ಕೇಳಿದ್ನಿ."

*

ಅಂಬಿಗನ ಪಾತ್ರವನ್ನು ಇವನಿಗೇ ಕೊಡಬೇಕೆಂದು ಹಟ ಹಿಡಿದವಳೂ ಅವಳೇ. ಹೊಸ ನಾಟಕ ಯಜ್ಞೇಶ್ ಬರೆದದ್ದು; ಹಗಲೆಲ್ಲ ಏಸಿ ಕಂಪನಿಯ ಆಫೀಸು, ಶುಕ್ರವಾರ ನಿರ್ದೇಶನ. ಮುದಿ ಅಂಬಿಗನೊಬ್ಬನ ಕತೆ, ತುಂಬ ಪದ್ಯ. ಅಕ್ಷರ ಬಾರದವನಿಗೆ ಇಷ್ಟು ದೊಡ್ಡ ಪಾತ್ರ ಹೇಗೆ ಎಂದು ಕಮಿಟಿಯವರು ಮುಖ ಮುಖ ನೋಡಿಕೊಂಡಾಗ ಪೂವಕ್ಕ ಟೀ ಲೋಟಗಳನ್ನು ತಟ್ಟೆಗೆ ಜೋಡಿಸುತ್ತ ಹೇಳಿದಳಂತೆ: "ಓದುವವರಿಗೆ ಮರೆತರೆ ಪುಸ್ತಕ ಉಂಟು. ಇವನಿಗೆ ಇಲ್ಲ. ಇವ ಮರೆಯುವುದಿಲ್ಲ."

ಆಮೇಲೆ ಕ್ಯಾಸೆಟ್ಟುಗಳು ಶುರುವಾದವು. ಅಡಿಗೆಮನೆಯ ಟೇಪ್‌ರೆಕಾರ್ಡರಿನಲ್ಲಿ ಅವಳು ಓದಿ ತುಂಬಿಸುವುದು, ಶಾಹುಲ್ ಹಮೀದ್ ಕ್ಯಾಂಪಿಗೆ ಮುಟ್ಟಿಸುವುದು. ಸೈಟಿಗೆ ಹೋಗುವಾಗ ವ್ಯಾನಿನಲ್ಲೇ ಹಾಕುತ್ತಿದ್ದ. ತಿಂಗಳು ಕಳೆಯುವಷ್ಟರಲ್ಲಿ ಹದಿನಾಲ್ಕು ಜನ ಸ್ಕ್ಯಾಫೋಲ್ಡರುಗಳಿಗೆ, ಅವರಲ್ಲಿ ಇಬ್ಬರು ನೇಪಾಳದವರು, ಅಂಬಿಗನ ಮಾತು ಬಾಯಿಗೆ ಬಂದಿತ್ತು.

ರಿಹರ್ಸಲಿನಲ್ಲಿ ನೀಲಕಂಠಪ್ಪ ಎರಡನೆಯ ಅಂಕದ ಪದ್ಯದ ನಡುವೆ ಗಕ್ಕನೆ ನಿಂತು, ಮೂರು ಉಸಿರು ಬಿಟ್ಟು, ಮುಂದುವರಿಸಿದ. ಯಜ್ಞೇಶನ ಕಣ್ಣು ತುಂಬಿತು. ಎಂಥ ಮೌನ, ಇದನ್ನು ಯಾರು ಹೇಳಿಕೊಟ್ಟರು ಎಂದು ಕೇಳಿದ.

"ಕುಕ್ಕರ್," ಎಂದ ಶಾಹುಲ್ ಹಮೀದ್. "ಕ್ಯಾಸೆಟ್‌ನಲ್ಲಿ ಅಲ್ಲಿ ಮೂರು ಸೀಟಿ ಉಂಟು ಮಾರಾಯ್ರೆ. ಇವ ಅದನ್ನೂ ಕಲಿತಿದ್ದಾನೆ."

ಪೂವಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. ಮೂರು ಸೀಟಿಯ ಮೌನ ನಾಟಕದಲ್ಲಿ ಹಾಗೆಯೇ ಉಳಿಯಿತು.

ಮೂರು ಅಂಕ ಹೀಗೆ ಕಲಿತದ್ದಾಗಿತ್ತು. ನಾಲ್ಕನೆಯದು ಕ್ಯಾಸೆಟ್ಟಿಗೆ ಬರುವ ಮೊದಲೇ ಶನಿವಾರ ಬಂತು. ಈ ಗುರುವಾರದಿಂದ ನಾಟಕಕ್ಕೆ ಇನ್ನು ಎಂಟು ದಿನ.

*

ಜೇಕಬ್ ಗಡಿಯಾರ ನೋಡಿದ. ದೀಕ್ಷಿತಾಳ ತಾಯಿ ಕೈಚೀಲದಿಂದ ಒಂದು ದಪ್ಪ ಪುಸ್ತಕ ತೆಗೆದು ಪೂವಕ್ಕನ ಕೈಗಳ ಕೆಳಗೆ ಇಟ್ಟರು. ಹೊರಗೆ ಕ್ಯಾಲೆಂಡರಿನ ದುರ್ಗೆಯ ಚಿತ್ರದ ಬೈಂಡು.

"ದಿನಾ ಇದನ್ನೇ ಓದ್ತಿದ್ರು. ದೇವರ ಪುಸ್ತಕ. ಒಟ್ಟಿಗೆ ಹೋಗ್ಲಿ."

ಎಲ್ಲರೂ ತಲೆಯಾಡಿಸಿದರು. ಯಜ್ಞೇಶ್ ಹೊರಗೆ ಆಂಬುಲೆನ್ಸಿನವನ ಜೊತೆ ಮಾತಾಡುತ್ತಿದ್ದ. ಆ ದುರ್ಗೆಯ ಒಳಗೆ ಏನಿದೆ ಎಂದು ಕೋಣೆಯಲ್ಲಿ ಗೊತ್ತಿದ್ದವನು ನೀಲಕಂಠಪ್ಪ ಒಬ್ಬನೇ. ಪರದೆಯ ಮರೆಯಲ್ಲಿ ಅವಳ ಮಡಿಲಲ್ಲಿ ಅದನ್ನು ಕಂಡಿದ್ದ; ಒಳಗಿದ್ದುದು ಅಂಬಿಗನ ನಾಟಕ. ಕಡೆಯ ಅಂಕ ಯಜ್ಞೇಶ್ ಬಾಯಲ್ಲಿ ಹೇಳಿದ್ದು, ಪೂವಕ್ಕ ಕೈಯಲ್ಲಿ ಬರೆದದ್ದು. ಅದಕ್ಕೆ ಎರಡನೆಯ ಪ್ರತಿ ಇರಲಿಲ್ಲ.

ಅವನಿಗೆ ಇನ್ನೊಂದೂ ಗೊತ್ತಿತ್ತು. ಸಂಘದ ಅಧ್ಯಕ್ಷ ಎಡ್ವರ್ಡ್, ಪಕ್ಕದಲ್ಲಿ ಬ್ಯಾಂಕಿನ ರಿತೇಶ್, ಇಬ್ಬರೂ ಬಂದಾಗಿನಿಂದ ಇವನ ಕಡೆ ನೋಡಿ ನೋಡಿ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಪುಸ್ತಕ ಹೊರಗಿದ್ದರೆ ಪಾತ್ರ ಯಾರಿಗೆ ಬೇಕಾದರೂ ಹೋದೀತು. ಪೆಟ್ಟಿಗೆಯಲ್ಲಿ ಹೋದರೆ, ಮೂರು ಅಂಕವೂ ಬಾಯಿಗೆ ಬರುವ ಇವನನ್ನು ಬಿಟ್ಟು ಎಂಟು ದಿನದಲ್ಲಿ ಅಂಬಿಗನಾಗುವವರು ಸಂಘದಲ್ಲಿ ಯಾರೂ ಇಲ್ಲ.

ಕೊರಳ ಲಿಂಗವನ್ನು ಅಂಗಿಯ ಮೇಲಿನಿಂದ ಮುಟ್ಟಿಕೊಂಡ.

"ಅವ್ವಾರ," ಎಂದ, "ಅದು ದೇವರ ಪುಸ್ತಕ ಅಲ್ರಿ. ನಾಟಕದ್ದು."

ದೀಕ್ಷಿತಾ ಪುಸ್ತಕವನ್ನು ಹೊರಗೆಳೆದು ಬಿಚ್ಚಿದಳು. ಎಡ್ವರ್ಡ್ ದೊಡ್ಡ ಉಸಿರು ಬಿಟ್ಟರು. ಬದುಕಿದೆವು ಎಂದು ಕೊಂಕಣಿಯಲ್ಲಿ ಹೇಳಿಕೊಂಡದ್ದು ಎಲ್ಲರಿಗೂ ಕೇಳಿತು. ರಿತೇಶ್ ಕೈ ಚಾಚಿದ. ಹುಡುಗಿ ಕೊಡಲಿಲ್ಲ. ಇಂಗ್ಲಿಷ್ ಶಾಲೆಯ ಹುಡುಗಿ. ಕನ್ನಡ ಅಕ್ಷರಗಳನ್ನು ಪೂವಕ್ಕನೇ ಚಪಾತಿಹಿಟ್ಟಿನ ಮೇಲೆ ಬೆರಳಲ್ಲಿ ಬರೆದು ಕಲಿಸಿದ್ದಳು. ಕಡೆಯ ಹಾಳೆಗಳ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ಹೆಕ್ಕಿ ಓದತೊಡಗಿದಳು.

"ಎ-ರ-ಡು ದ-ಡ-ವೂ ನನ್-ನದಲ್ಲ... ನಡು... ನಡುವೆ ಹರಿ... ವ..."

ಅಷ್ಟಕ್ಕೇ ನಿಂತಳು. ಮತ್ತೆ ಹಿಡಿದು ಮುಗಿಸಿದಳು. ಮಾತು ಮಾತಿಗೂ ತುಂಡು. ಆದರೆ ನೀಲಕಂಠಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದ. ಅವಳು ತಲೆ ಎತ್ತಿದಾಗ ತಣ್ಣನೆಯ ಆ ಕೋಣೆಯಲ್ಲಿ ಅವನ ದನಿ, ಎತ್ತರಿಸದೆ, ಹದವಾಗಿ ಬಂತು:

"ಎರಡು ದಡವೂ ನನ್ನದಲ್ಲ, ನಡುವೆ ಹರಿವ ನೀರು ನನ್ನದು.
ಹತ್ತಿದವರು ಹರಸಿ ಇಳಿದರು. ಅಷ್ಟೆ ಸಾಕು, ಅಷ್ಟೆ ಸಾಕು."

ಒಳಗೆ ಬಂದಿದ್ದ ಯಜ್ಞೇಶ್ ಬಾಗಿಲ ಚೌಕಟ್ಟಿಗೆ ಹಣೆ ಒತ್ತಿ ನಿಂತ. ದೀಕ್ಷಿತಾ ಅಳುತ್ತಿದ್ದಳು. ಆಕೆ ಅತ್ತದ್ದು ಶನಿವಾರದಿಂದ ಅದೇ ಮೊದಲು ಎಂದು ಆಮೇಲೆ ಅವಳ ತಾಯಿ ಹೇಳಿದರು.

"ಖಲಾಸ್, ಹೊತ್ತಾಯ್ತು," ಎಂದ ಜೇಕಬ್, ಬೇಸರವಿಲ್ಲದೆ. ಮುಚ್ಚಳ ಬಿತ್ತು. ಮೊಳೆಗಳು ಕೂತವು.

ಆಂಬುಲೆನ್ಸಿನವರೆಗೆ ಆರು ಜನ ಹೆಗಲು ಕೊಟ್ಟರು. ಮುಂದೆ ಒಂದು ಬದಿಗೆ ನೀಲಕಂಠಪ್ಪ, ಇನ್ನೊಂದು ಬದಿಗೆ ಎಡ್ವರ್ಡ್, ನಡುವೆ ಪೆಟ್ಟಿಗೆ. ಹೊರಗೆ ಏಪ್ರಿಲ್ ಬಿಸಿಲು ಕಣ್ಣು ಕುಕ್ಕಿತು. ಎಡ್ವರ್ಡ್ ಕೆಟ್ಟವರಲ್ಲ. ಈ ಪೆಟ್ಟಿಗೆಗಾಗಿ ನಾಲ್ಕು ದಿನ ರಜೆ ಹಾಕಿ ಕಚೇರಿಯಿಂದ ಕಚೇರಿಗೆ ಅಲೆದವರು ಅವರೇ. ನಡೆಯುತ್ತಲೇ ತಗ್ಗಿದ ದನಿಯಲ್ಲಿ ಹೇಳಿದರು:

"ನೀಲಕಂಠಪ್ಪ, ಬೇಜಾರು ಮಾಡ್ಬೇಡಿ. ಮರೆತರೆ ಹೇಳಿಕೊಡ್ಲಿಕ್ಕೆ ಇನ್ನು ಹಿಂದೆ ಯಾರೂ ಇಲ್ಲ. ವರ್ಷಕ್ಕೆ ಒಂದೇ ಸಲ ಹಾಲ್ ಸಿಗುವುದು. ಈ ಸಲ ಪಾತ್ರ ರಿತೇಶನಿಗೆ ಬಿಟ್ಟುಕೊಡಿ. ಅವನಿಗೆ ಓದ್ಲಿಕ್ಕೆ ಬರ್ತದೆ. ಮುಂದಿನ ವರ್ಷ ನಿಮ್ಮದೇ, ಆಯ್ತಾ?"

ಹನ್ನೊಂದು ವರ್ಷದಿಂದ ಈ ಮರಳಿನಲ್ಲಿ, ಇಸ್ತ್ರಿ ಅಂಗಿಯವರು ಯಾರೇ ಏನೇ ಕೇಳಲಿ, ಆತು ಸಾಹೇಬ್ರ ಎಂದೇ ಬದುಕಿದವನು ನೀಲಕಂಠಪ್ಪ. ಬಾಯಿಗೆ ಅದೇ ಬರುವುದರಲ್ಲಿತ್ತು. ಹೆಗಲ ಮೇಲಿನ ಮರ ಕಿವಿಗೆ ತಾಗುವಷ್ಟು ಹತ್ತಿರವಿತ್ತು. ಅವನು ಹೆಜ್ಜೆ ನಿಲ್ಲಿಸಲಿಲ್ಲ. ಭಾರವನ್ನು ಕೊರಳ ಬುಡಕ್ಕೆ ಸರಿಸಿಕೊಂಡು, ಮುಂದೆ ನೋಡುತ್ತಲೇ, ಹಿಂದಿನ ನಾಲ್ವರಿಗೂ ಕೇಳುವ ಹಾಗೆ ಪೂರ್ತಿ ದನಿಯಲ್ಲಿ ಹೇಳಿದ:

"ಇಲ್ಲ ಸಾಹೇಬ್ರ. ಕೊಡಾಂಗಿಲ್ಲ."