ಸೂಜಿ ಇರುವ ಕೈ

"ತೆಗೀರಿ ಸಿಸ್ಟರ್. ಸಾಕು. ತೆಗೀರಿ ಅಂದ್ರೆ ತೆಗೀರಿ."

ಮಾವ ಹೀಗೆ ಕೂಗುವಾಗ ಡಯಾಲಿಸಿಸ್ ಮುಗಿಯಲು ಇನ್ನೂ ಒಂದು ಗಂಟೆಯ ಮೇಲಿತ್ತು. ಹೊದಿಕೆಯ ಕೆಳಗೆ ಅವನ ಎರಡು ಕಾಲೂ ಚೀಲಕ್ಕೆ ಹಾಕಿದ ಬೆಕ್ಕಿನ ಹಾಗೆ ಒದ್ದಾಡುತ್ತಿದ್ದವು. ಎಡಗೈಯಲ್ಲಿ ಎರಡು ಸೂಜಿ, ಎರಡು ಕೊಳವೆ. ಒಂದರಲ್ಲಿ ರಕ್ತ ಮೆಷಿನ್‌ಗೆ ಹೋಗಿ, ಅಲ್ಲಿ ತೊಳೆದುಕೊಂಡು, ಇನ್ನೊಂದರಲ್ಲಿ ವಾಪಸ್ ಬರುತ್ತಿತ್ತು. ಆ ಕೈ ಒಂದಿಷ್ಟೂ ಅಲ್ಲಾಡುವ ಹಾಗಿಲ್ಲ. ಕಾಲು ಅಲ್ಲಾಡದೆ ಇರುವ ಹಾಗಿಲ್ಲ.

"ಅಣ್ಣಾ, ಹೋದ ವಾರ ಹೀಗೇ ಅರ್ಧಕ್ಕೆ ಎದ್ದು ಹೋದ್ರಿ. ಏನಾಯ್ತು?" ಎಂದರು ಸಿಸ್ಟರ್. ಆ ವಾರ್ಡೆಲ್ಲ ಅವರ ಕೈಯಲ್ಲೇ ಇತ್ತು.

"ಸ್ವಲ್ಪ ಉಸಿರು ಹಿಡೀತು."

"ಸ್ವಲ್ಪ! ಆಂಬುಲೆನ್ಸ್‌ನಲ್ಲಿ ಬಂದ್ರಿ. ತುಟಿ ನೇರಳೆ ಹಣ್ಣಿನ ಥರ ಆಗಿತ್ತು."

ಡಾಕ್ಟರು ಅವತ್ತೇ ಬಿಡಿಸಿ ಹೇಳಿದ್ದರು. ಪೂರ್ತಿ ನಾಲ್ಕು ಗಂಟೆ ಕೂರದಿದ್ದರೆ ನೀರು ಮೈಯಲ್ಲೇ ಉಳಿಯುತ್ತದೆ, ಶ್ವಾಸಕೋಶಕ್ಕೆ ಹತ್ತುತ್ತದೆ, ಇನ್ನೊಂದು ಸಲ ಹಾಗಾದರೆ ನಮ್ಮ ಕೈಯಲ್ಲಿ ಇರುವುದಿಲ್ಲ ಎಂದು. ಮಾವ ತಲೆಯಾಡಿಸಿ ಬಂದಿದ್ದ. ತಲೆಯಾಡಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ.

ನನ್ನನ್ನು ಅಲ್ಲಿಗೆ ಕಳಿಸಿದ್ದು ಅವನ ಹೆಂಡತಿ, ನನ್ನ ಅತ್ತೆ. "ನೀನು ಎರಡನೇ ಮಹಡೀಲಿ ಪಾರ್ಶ್ವವಾಯು ಆದವ್ರನ್ನ ಕುರ್ಚೀಲಿ ಕೂರಿಸ್ಕೊಂಡು ಕುಣಿಸ್ತೀಯಲ್ಲ, ನಿಮ್ಮ ಮಾವನ್ನೂ ಒಂದಿಷ್ಟು ಕುಣಿಸೇ. ಕಾಲು ಅಲ್ಲಾಡ್ಬೇಕು ಅಂತಾರಲ್ಲ, ಅಲ್ಲಾಡ್ಲಿ" ಎಂದಿದ್ದರು. ಅದೇ ನನ್ನ ಕೆಲಸ. ಭರತನಾಟ್ಯ ಕಲಿತೆ, ವೇದಿಕೆ ಹತ್ತಿದ್ದು ಕಡಿಮೆ. ಕೂತಲ್ಲಿ ಕೂರದ ಮಕ್ಕಳ ಶಾಲೆಗೆ ಹೋಗುತ್ತೇನೆ, ವಯಸ್ಸಾದವರ ಹಗಲುಮನೆಗೆ ಹೋಗುತ್ತೇನೆ, ಈ ಆಸ್ಪತ್ರೆಗೆ ಬರುತ್ತೇನೆ. ಮಾವ ಅಮ್ಮನ ತಮ್ಮ, ಕ್ಷೌರದ ಅಂಗಡಿ ಇಟ್ಟವನು, ಚಿಕ್ಕಂದಿನಿಂದ ನನ್ನನ್ನು ಕರೆಯುವುದು "ಗೆಜ್ಜೆ" ಎಂದು.

"ಏನೇ ಗೆಜ್ಜೆ, ಕುಣಿದ್ರೆ ಕಿಡ್ನಿ ಮತ್ತೆ ಚಿಗುರುತ್ತಾ?"

"ಕಿಡ್ನಿ ಗೊತ್ತಿಲ್ಲ. ನಿನ್ನ ಬಾಯಿ ಮುಚ್ಚುತ್ತೆ ಅಂತ ಬಂದಿದ್ದೀನಿ."

ಪಕ್ಕದ ಕುರ್ಚಿಯಲ್ಲಿದ್ದ ಮೇಷ್ಟ್ರು ಕಿಸಕ್ಕನೆ ನಕ್ಕರು. ಲೆಕ್ಕದ ಮೇಷ್ಟ್ರಾಗಿ ನಿವೃತ್ತರಾದವರು, ತಲೆ ನುಣ್ಣಗೆ, ಒಂದೇ ಒಂದು ಕೂದಲಿಲ್ಲ. ಡಯಾಲಿಸಿಸ್ ದಿನಗಳಲ್ಲಿ ಮಾವನ ಪಕ್ಕದಲ್ಲೇ ಕೂರಬೇಕಾದ ಕರ್ಮ ಅವರದು. ಪಾಪ ಅನ್ನೋಣವೆಂದರೆ ಅವರೇನೂ ಕಡಿಮೆಯಿಲ್ಲ.

"ನೋವಲ್ಲ ಕಣೇ," ಮಾವನ ದನಿ ಇಳಿಯಿತು. "ನೋವಾದ್ರೆ ಹಲ್ಲು ಕಚ್ಚಿ ತಡ್ಕೊಂಡುಬಿಡ್ತೀನಿ. ಇದು ಮೂಳೆ ಒಳಗೆ ಯಾರೋ ಕೂತು ಕಚಗುಳಿ ಇಟ್ಟ ಹಾಗೆ. ಅಲ್ಲಾಡಿಸ್ದೆ ಇದ್ರೆ ಹುಚ್ಚು ಹಿಡಿಯುತ್ತೆ." ಮಾತ್ರೆ ಕೊಟ್ಟಿದ್ದರು, ನಿಜ. ತೆಗೆದುಕೊಂಡ ಮಾರನೇ ದಿನ ತಲೆ ಸುತ್ತಿ ಕತ್ತರಿ ಹಿಡಿಯಲು ಆಗಲಿಲ್ಲ. ಅಂಗಡಿ ಬಾಗಿಲು ಹಾಕಬೇಕಾಯಿತು. ಮಾತ್ರೆ ಡಬ್ಬಿ ಅಂದಿನಿಂದ ಟ್ರಿಮ್ಮರ್ ಪಕ್ಕದಲ್ಲಿ ಧೂಳು ತಿನ್ನುತ್ತಿದೆ.

ಅಂದು ಸಿಸ್ಟರ್ ಸೂಜಿ ತೆಗೆದೇ ತೆಗೆದರು. ಮಾವ ಗೆದ್ದವನ ಹಾಗೆ ಎದ್ದು ಹೋದ. ಅತ್ತೆಗೆ ಏನು ಹೇಳಲಿ ಎಂದು ನಾನು ಲಿಫ್ಟ್ ಬಿಟ್ಟು ಮೆಟ್ಟಿಲು ಇಳಿದೆ, ನಿಧಾನಕ್ಕೆ ತಲುಪೋಣ ಅಂತ.

ಮುಂದಿನ ಸಲ ಮೊದಲೇ ಹೋಗಿ ಸಿಸ್ಟರ್ ಹತ್ತಿರ ಒಪ್ಪಿಗೆ ಕೇಳಿದೆ. ಅವರು ಬಿಪಿ ನೋಡಿ, ಸೂಜಿಯ ಮೇಲಿನ ಟೇಪು ನೋಡಿ, "ಕಾಲು ಮಾತ್ರ" ಎಂದರು. ನಾನೂ "ಕಾಲು ಮಾತ್ರ" ಎಂದೆ. ಸ್ಟೂಲ್ ಎಳೆದುಕೊಂಡು ಎದುರಿಗೆ ಕೂತೆ.

"ತೈಯಾ ತೈ, ತೈಯಾ ತೈ. ಮಾವ, ಪೂರ್ತಿ ಪಾದ ನೆಲಕ್ಕೆ. ಹಿಮ್ಮಡಿ ಮಾತ್ರ ಅಲ್ಲ."

"ಯಾರಾದ್ರೂ ಗಿರಾಕಿ ನೋಡಿದ್ರೆ ಮಾನ ಹೋಗುತ್ತೆ."

"ಹೊದಿಕೆ ಇದೆ. ತಟ್ಟು!"

ತಟ್ಟಿದ. ಮೊದಲು ಕಾಟಾಚಾರಕ್ಕೆ, ಆಮೇಲೆ ಪರವಾಗಿಲ್ಲ ಅನ್ನುವಷ್ಟು, ಆಮೇಲೆ, ದೇವರಾಣೆ, ತಾಳಕ್ಕೆ ಸರಿಯಾಗಿ! ಮೇಷ್ಟ್ರು ಕೇಳದೆಯೇ ಸೇರಿಕೊಂಡರು. ಕಿಟಕಿ ಹತ್ತಿರದ ಅಜ್ಜಿ ಬೆರಳಲ್ಲಿ ತಾಳ ಹಾಕಿದರು. ಹೊದಿಕೆಗಳ ಕೆಳಗಿಂದ ದಪ್ ದಪ್ ದಪ್. ಮಾವನ ಮುಖದಲ್ಲಿ ಆ ಚಡಪಡಿಕೆ ಇಲ್ಲವೇ ಇಲ್ಲ. ಕಾಲಿಗೆ ಓಡಲು ಒಂದು ದಾರಿ ಸಿಕ್ಕಿತ್ತು. ನನಗೋ ಖುಷಿ ತಡೆಯಲು ಆಗಲಿಲ್ಲ. ಎರಡನೇ ಕಾಲಕ್ಕೆ ಹೋದೆ, ಅಂದರೆ ಅದೇ ಹೆಜ್ಜೆ, ವೇಗ ಮಾತ್ರ ಎರಡರಷ್ಟು. "ಕೈ ಬೇಡ, ಕಾಲು ಮಾತ್ರ!" ಎಂದು ಬಾಯಲ್ಲಿ ಕೂಗುತ್ತಿದ್ದೆ. ನನ್ನ ಎರಡು ಕೈಯೂ ಎದೆಯ ಮುಂದೆ ಚಾಚಿಕೊಂಡು, ಬೆರಳು ಬಿಡಿಸಿಕೊಂಡು, ಹೆಜ್ಜೆಗೆ ಸರಿಯಾಗಿ ಆ ಕಡೆ ಈ ಕಡೆ ಹೋಗುತ್ತಿದ್ದವು. ನನಗೆ ಗೊತ್ತೇ ಆಗಲಿಲ್ಲ. ಕಾಲು ಹೊರಟರೆ ಕೈ ಹೊರಡಲೇಬೇಕು ಎಂದು ನಮ್ಮ ಡಾನ್ಸ್ ಟೀಚರ್ ಮೊಣಕೈಗೆ ತಟ್ಟಿ ತಟ್ಟಿ ಬೆಳೆಸಿದ ದೇಹ ಇದು.

ಮಾವ ನೋಡುತ್ತಿದ್ದುದು ನನ್ನ ಬಾಯಿಯನ್ನಲ್ಲ.

ಅವನ ಎಡಗೈ ಎದ್ದಿತು. ಒಂದೇ ಗೇಣು. ಮೆಷಿನ್ ಕಿರುಚಿತು, ಕೆಂಪು ದೀಪ, ಸಿಸ್ಟರ್ ಓಡಿ ಬಂದರು. ಸೂಜಿ ನಾಳದ ಗೋಡೆಗೆ ಚುಚ್ಚಿ, ಮೊಣಕೈಯ ಹತ್ತಿರ ಚರ್ಮ ನೋಡನೋಡುತ್ತ ಊದಿಕೊಂಡಿತು. ಐಸ್, ಹತ್ತಿ, ಒತ್ತಿ ಹಿಡಿಯುವುದು. ನಾನು ಸ್ಟೂಲ್ ಹಿಡಿದುಕೊಂಡು ಗೋಡೆಗೆ ಅಂಟಿ ನಿಂತಿದ್ದೆ.

"ಈ ಜಾಗ ಹಾಳಾದ್ರೆ ಕತ್ತಿಗೆ ಟ್ಯೂಬ್ ಹಾಕ್ಬೇಕಾಗುತ್ತೆ, ಗೊತ್ತಾ ನಿಮಗೆ?" ಸಿಸ್ಟರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹೊರಗೆ ಇರಿ."

ಅಂದಿನ ಡಯಾಲಿಸಿಸ್ ಅಲ್ಲಿಗೇ ನಿಂತಿತು. ಅವನನ್ನು ಪೂರ್ತಿ ಕೂರಿಸಲು ಬಂದವಳು ನಾನೇ ಅರ್ಧಕ್ಕೆ ಎಬ್ಬಿಸಿದ್ದೆ. ಮಾವ ಹೊರಗೆ ಬಂದವನು ಕೈಯ ಬ್ಯಾಂಡೇಜ್ ನೋಡಿಕೊಂಡು, "ಅಳ್ಬೇಡ್ವೇ. ಒಂದ್ ಮಾತು ಹೇಳ್ಲಾ? ಅಷ್ಟು ಹೊತ್ತು ಕಾಲು ಇದೆ ಅನ್ನೋದೇ ಮರ್ತು ಹೋಗಿತ್ತು" ಎಂದ. ನನಗೆ ಇನ್ನಷ್ಟು ಅಳು ಬಂತು.

ಮನೆಯಲ್ಲಿ ಎಡಗೈಯನ್ನು ದುಪಟ್ಟಾದಿಂದ ಕುರ್ಚಿಗೆ ಕಟ್ಟಿಕೊಂಡು ಕೂತೆ. ತೈಯಾ ತೈ. ಕಟ್ಟಿದ ಕೈ ಗಂಟು ಎಳೆಯಿತು. ಇನ್ನೂ ಬಿಗಿಯಾಗಿ ಕಟ್ಟಿದೆ. ಬೆರಳು ಕುಣಿಯಿತು. ಬೆರಳನ್ನು ತೊಡೆಯ ಕೆಳಗೆ ಒತ್ತಿದೆ, ಭುಜ ಎದ್ದಿತು. ಅಮ್ಮ ಬಂದು ನೋಡಿ, "ಏನೇ ಇದು, ಯಾರು ಕಟ್ಟಿಹಾಕಿದ್ರು?" ಎಂದು ಬಿಚ್ಚಿದರು. ಸುಮ್ಮನಿರು ಎಂದಷ್ಟೂ ಕೈಗೆ ತುರಿಕೆ. ಊಟ ಮಾಡುವಾಗಲೂ ಅದನ್ನೇ ನೋಡುತ್ತಿದ್ದೆ. ನನ್ನ ಕೈಯೇ ನನ್ನ ಮಾತು ಕೇಳುವುದಿಲ್ಲ, ಇನ್ನು ಮಾವನ ಕೈಗೆ ಏನು ಕಲಿಸುವುದು?

ಮಾರನೇ ದಿನ ಅತ್ತೆ ಕೊಟ್ಟ ಬುತ್ತಿ ಹಿಡಿದುಕೊಂಡು ಅಂಗಡಿಗೆ ಹೋದೆ. ಕ್ಷಮಿಸು ಅನ್ನಬೇಕಿತ್ತು, ದಾರಿಯುದ್ದಕ್ಕೂ ಆ ಮಾತನ್ನೇ ತಿರುವಿ ಹಾಕುತ್ತಿದ್ದೆ. ಒಳಗೆ ಕಾಲಿಟ್ಟರೆ ಅಲ್ಲಿ ರಾದ್ಧಾಂತ. ಕುರ್ಚಿಯ ಕೈಗಳ ಮೇಲೆ ಅಡ್ಡ ಹಲಗೆ, ಹಲಗೆಯ ಮೇಲೆ ಪುಟ್ಟ ಹುಡುಗಿ, ಕತ್ತಿನ ತನಕ ಬಟ್ಟೆ. ಅವಳು ಅಳುತ್ತಾಳೆ, ಒದೆಯುತ್ತಾಳೆ, ಹಾವಿನ ಹಾಗೆ ನುಲಿಯುತ್ತಾಳೆ. ಅವಳಮ್ಮ ಪಕ್ಕದಲ್ಲಿ ನಿಂತು ಮೊಬೈಲ್ ತೋರಿಸುತ್ತಾರೆ, ಬೆದರಿಸುತ್ತಾರೆ, ಮುದ್ದು ಮಾಡುತ್ತಾರೆ.

ಮಾವ ಬಾಯಲ್ಲಿ ಬೆಕ್ಕಾಗಿದ್ದ. ಬಲಗೈಯಲ್ಲಿ ಕತ್ತರಿ ಕಚಕಚಕಚ. ಕಾಲು ಒಂದು ಕಡೆ ನಿಲ್ಲುತ್ತಿಲ್ಲ, ಕುರ್ಚಿಯ ಸುತ್ತ ಅರ್ಧ ಚಕ್ರ ಹೋಗಿ ಬರುತ್ತಾನೆ. ಎಡಗೈ ಮಾತ್ರ ಆ ಹುಡುಗಿಯ ನೆತ್ತಿಯ ಮೇಲೆ, ಐದು ಬೆರಳು ಬಿಡಿಸಿಕೊಂಡು, ಇಟ್ಟಲ್ಲೇ ಇತ್ತು. ಒತ್ತುತ್ತಿರಲಿಲ್ಲ. ಮೊಣಕೈಯ ಹತ್ತಿರ ನನ್ನ ಕೃಪೆಯ ನೀಲಿ ಕಲೆ. ಅವನ ಕಾಲು ಕುಣಿಯಿತು, ಸೊಂಟ ತಿರುಗಿತು, ಬಾಯಿ ಮಿಯಾಂವ್ ಎಂದಿತು. ಆ ಕೈ ಕದಲಲಿಲ್ಲ.

"ಮಾವ!"

"ಕೂಗ್ಬೇಡ್ವೇ, ಬೆಚ್ಚಿಬಿದ್ಲು ಅಂದ್ರೆ ಕಿವಿ ಹೋಗುತ್ತೆ."

"ನಿನ್ನ ಎಡಗೈ ಅಲ್ಲಾಡ್ತಿಲ್ಲ."

"ಮಗು ತಲೆ ಹಿಡ್ಕೊಂಡು ಅಲ್ಲಾಡಿಸ್ತಾರಾ ಯಾರಾದ್ರೂ?" ಅವನು ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದ.

ಆಮೇಲೆ ಇಬ್ಬರೂ ಒಟ್ಟಿಗೇ ಆ ಕೈಯನ್ನು ನೋಡಿದೆವು. ಹುಡುಗಿ ಅದೇ ಸಮಯ ನೋಡಿ ಹಲಗೆಯಿಂದ ಜಾರಿದಳು. ಅರ್ಧ ತಲೆ ಮಾತ್ರ ಆಗಿತ್ತು. ಅವಳಮ್ಮ "ಸಾಕು ಬಿಡಿ, ಇನ್ನೊಂದಿನ ಬರ್ತೀವಿ" ಎಂದರೆ ಮಾವ ಬಾಗಿಲಿಗೇ ಅಡ್ಡ ನಿಂತ. "ಅರ್ಧ ತಲೆ ಬಿಟ್ಟು ನನ್ನ ಅಂಗಡಿಯಿಂದ ಒಬ್ರೂ ಹೋಗಿಲ್ಲಮ್ಮ. ಕೂರಿಸಿ, ಕೂರಿಸಿ."

ನಾನು ಕ್ಷಮಿಸು ಅನ್ನುವುದನ್ನೂ ಮರೆತು, ಬುತ್ತಿಯನ್ನು ಕನ್ನಡಿ ಮುಂದೆ ಇಟ್ಟು ಆಸ್ಪತ್ರೆಗೆ ಓಡಿದೆ.

ಇನ್ನೊಂದು ಸಲ ತಟ್ಟಿಸ್ತೀನಿ ಎಂದರೆ ಸಿಸ್ಟರ್ "ಆಗಲ್ಲ" ಎಂದರು. ಕಾರಿಡಾರಿನಲ್ಲಿ ಅವರ ಹಿಂದೆ ಹಿಂದೆ ನಡೆದೆ. ಔಷಧಿ ಕೋಣೆಗೆ, ಅಲ್ಲಿಂದ ಬೇಸಿನ್‌ಗೆ, ಅಲ್ಲಿಂದ ಮತ್ತೆ ವಾರ್ಡಿಗೆ. ಹಲಗೆಯ ಕಥೆ ಪೂರ್ತಿ ಹೇಳಿದೆ. ಮಿಯಾಂವ್ ಕೂಡ ಮಾಡಿ ತೋರಿಸಿದೆ. ಅವರು ನಿಂತರು.

"ನೀವು ನಿಮ್ಮ ಕೈ ಏನು ಮಾಡ್ತೀರಿ?"

"ಅದರ ಮೇಲೇ ಕೂತ್ಕೋತೀನಿ."

"ನಾನು ಪಕ್ಕದಲ್ಲೇ ನಿಂತಿರ್ತೀನಿ. ಒಂದ್ಸಲ ಬೀಪ್ ಅಂದ್ರೆ ಮುಗೀತು, ಆಮೇಲೆ ಈ ವಾರ್ಡಿನ ಬಾಗಿಲಿಗೂ ಬರ್ಬಾರದು."

ಮುಂದಿನ ಡಯಾಲಿಸಿಸ್ ದಿನ ಊದಿದ ಜಾಗ ಬಿಟ್ಟು ಮೇಲೆ ಸೂಜಿ ಹಾಕಿದರು. ನಾನು ಟವೆಲ್ಲನ್ನು ಉಂಡೆ ಕಟ್ಟಿ ಮಾವನ ಎಡಗೈ ಕೆಳಗೆ ಇಟ್ಟೆ. "ಮಾವ, ತಲೆ ಹಿಡ್ಕೊ. ತುಂಬಾ ನುಲಿಯೋ ಮಗು." ಅವನ ಬೆರಳು ತಾವಾಗಿ ಬಿಡಿಸಿಕೊಂಡು ಟವೆಲ್ ಮೇಲೆ ಕೂತವು. ಆ ಬೆರಳುಗಳನ್ನು ನೋಡಿದರೆ ಅಲ್ಲಿ ನಿಜಕ್ಕೂ ಒಂದು ನೆತ್ತಿ ಇತ್ತು. ನಮ್ಮ ಡಾನ್ಸ್ ಟೀಚರ್ ಇದಕ್ಕಾಗಿ ನನ್ನನ್ನು ಎಷ್ಟು ವರ್ಷ ಗೋಳಾಡಿಸಿದ್ದರು, ಖಾಲಿ ಕೈಯಲ್ಲಿ ಕೊಡ ತೋರಿಸು, ಮಗು ತೋರಿಸು ಎಂದು!

"ತೈಯಾ ತೈ."

ಮೊದಲ ಕಾಲ ಆಯಿತು, ಎರಡನೆಯದೂ ಆಯಿತು. ನನ್ನ ಕೈ ತೊಡೆಯ ಕೆಳಗೆ ಮರಗಟ್ಟಿತ್ತು. ಸಿಸ್ಟರ್ ಕಣ್ಣು ಸೂಜಿಯಿಂದ ಕದಲಲಿಲ್ಲ. ನಡುವೆ ನಿಲ್ಲಿಸಿ ಬಿಪಿ ನೋಡಿದರು, ಮತ್ತೆ ತಟ್ಟಿದೆವು, ಮತ್ತೆ ಸುಧಾರಿಸಿಕೊಂಡೆವು. ಕೂತು ಮೂರು ಗಂಟೆ ದಾಟಿದ ಮೇಲೆ ಆ ಚಡಪಡಿಕೆ ಬಂತು. ಅವನ ದವಡೆ ಬಿಗಿಯಿತು, ಹಣೆಯಲ್ಲಿ ಬೆವರು. ಹೆಜ್ಜೆ ತಾಳ ತಪ್ಪಿ ಬರೀ ಒದೆತ ಆಯಿತು.

"ಸಿಸ್ಟರ್, ಇವತ್ತಿಗೆ ಸಾಕು. ತೆಗೀರಿ."

"ಮಾವ, ಇನ್ನು ಸ್ವಲ್ಪ."

"ನಿಂಗೆ ಗೊತ್ತಾಗಲ್ಲ ಕಣೇ! ತೆಗೀರಿ ಅಂದೆ!"

ಸಿಸ್ಟರ್ ಕೈಗವಸು ಎಳೆದುಕೊಂಡರು. ಅವನು ಬೇಡ ಎಂದ ಮೇಲೆ ಅವರು ಏನು ಮಾಡಿಯಾರು? ಆ ನೇರಳೆ ತುಟಿ ಕಣ್ಣೆದುರಿಗೆ ಬಂತು.

"ಹೋಗು ಹಾಗಾದ್ರೆ," ಎಂದೆ. "ಅರ್ಧ ತಲೆ ಬಿಟ್ಟು ಕಳಿಸು ಮಗೂನ."

ಅವನು ನನ್ನನ್ನು ಸುಡುವ ಹಾಗೆ ನೋಡಿದ. ಆಮೇಲೆ ಟವೆಲ್ಲನ್ನು ನೋಡಿದ.

"ಯಾವ ಕಡೆ ಬಾಕಿ ಇದೆ?" ದನಿ ಹಲ್ಲಿನ ನಡುವಿನಿಂದ ಬಂತು.

"ಬಲಗಡೆ ಪೂರ್ತಿ. ಕಿವಿ ಹಿಂದೇನೂ."

"ಥೂ ನಿನ್ನ. ಹೇಳು, ತೈಯಾ ತೈ."

ಹೇಳಿದೆ. ಗಂಟಲು ಒಡೆಯುವ ತನಕ ಹೇಳಿದೆ. ಮೇಷ್ಟ್ರು ಹೇಳಿದರು, ಕಿಟಕಿಯ ಅಜ್ಜಿ ಹೇಳಿದರು. ಮಾವನ ಬಲಗೈ ಗಾಳಿಯಲ್ಲಿ ಕಚಕಚ ಎನ್ನುತ್ತಿತ್ತು, ಕಾಲು ಕೆಳಗೆ ನೆಲ ಅರೆಯುತ್ತಿತ್ತು, ಒಮ್ಮೆ ಸರಿ, ಒಮ್ಮೆ ತಪ್ಪು. ಎಡಗೈ ನೆತ್ತಿಯ ಮೇಲೆ ಇಟ್ಟಲ್ಲೇ ಇತ್ತು.

ಬೀಪ್.

ನಾನು ಸ್ಟೂಲಿನಿಂದ ಎದ್ದೇಬಿಟ್ಟೆ. ಕೆಂಪು ದೀಪ ಎಲ್ಲಿ, ಊದಿದ್ದು ಎಲ್ಲಿ ಎಂದು ಹುಡುಕುತ್ತಿದ್ದೆ. ಸಿಸ್ಟರ್ ಮೆಷಿನ್ನಿನ ಗುಂಡಿ ಒತ್ತಿ ನನ್ನ ಭುಜ ಹಿಡಿದು ಕೂರಿಸಿದರು. "ಅಲಾರಾಂ ಅಲ್ಲ. ಟೈಮ್ ಆಯ್ತು. ಪೂರ್ತಿ."

ಮಾವನ ಕಾಲು ಇನ್ನೂ ತಟ್ಟುತ್ತಲೇ ಇತ್ತು. ರಕ್ತವೆಲ್ಲ ಮೈಗೆ ವಾಪಸ್ ಬಂದ ಮೇಲೆ ಸಿಸ್ಟರ್ ಸೂಜಿ ತೆಗೆಯಲು ಬಗ್ಗಿ, "ಕೈ ಸಡಿಲ ಬಿಡಿ ಅಣ್ಣಾ" ಎಂದರು.

"ಇರಿ ಸಿಸ್ಟರ್. ಕಿವಿ ಹಿಂದೆ ಒಂಚೂರು ಇದೆ."

ಅದನ್ನೂ ಮುಗಿಸಿದ. ಹತ್ತಿ ಒತ್ತಿ, ಪಟ್ಟಿ ಕಟ್ಟಿದ ಮೇಲೆ, ಬಲಗೈಯಲ್ಲಿ ಟವೆಲ್ ಎತ್ತಿ ಕೂದಲು ಉದುರಿಸುವ ಹಾಗೆ ಫಟ್ ಎಂದು ಝಾಡಿಸಿ ಮೇಷ್ಟ್ರ ಕಡೆ ತಿರುಗಿದ.

"ಬನ್ನಿ ಸಾರ್, ಕೂತ್ಕೊಳ್ಳಿ."

"ನನ್ನ ತಲೇಲಿ ಏನಿದೆ ಅಂತ ಕತ್ತರಿಸ್ತೀಯೋ?"

ವಾರ್ಡೆಲ್ಲ ನಕ್ಕಿತು. ನಾನೂ ನಕ್ಕೆ. ನಾಡಿದ್ದು ಮತ್ತೆ ಇದೇ ಕುರ್ಚಿ, ಇದೇ ಕಾಲು, ಟವೆಲ್ಲಿಗೆ ಬೇರೆ ಮಗು ಹುಡುಕಬೇಕು. ಅತ್ತೆಗೆ ಫೋನ್ ಮಾಡೋಣವೆಂದು ಮೊಬೈಲ್ ತೆಗೆದರೆ ಕೈ ಇನ್ನೂ ಜೋಮು, ನಂಬರ್ ಒತ್ತಲು ಆಗುತ್ತಿಲ್ಲ, ಸ್ಟೂಲಿನ ಕೆಳಗೆ ನನ್ನ ಕಾಲು ಮಾತ್ರ ನಿಂತೇ ಇರಲಿಲ್ಲ.